ಸೀಲ್ ಎರಡು ಬಾರಿ ಬದಲಿಸಿದರೂ ನಿಲ್ಲದ ಸೋರಿಕೆ: ಹಳೆಯ ಫೋರ್ ವೀಲ್ ಡ್ರೈವ್ ಗಾಡಿಯ ಮುಂದಿನ ಆ್ಯಕ್ಸಲ್

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನಲ್ಲಿರುವುದು 1989ರ ಮಾದರಿಯ ಒಂದು ಡೀಸೆಲ್ ಫೋರ್ ವೀಲ್ ಡ್ರೈವ್ ಗಾಡಿ. ಮುಂದೆ, ಹಿಂದೆ ಎರಡೂ ಕಡೆ ಇಡಿಯಾದ ಆ್ಯಕ್ಸಲ್, ಲೀಫ್ ಸ್ಪ್ರಿಂಗ್, ಮುಂದಿನ ಚಕ್ರವನ್ನು ಅದರ ಶಾಫ್ಟಿಗೆ ಜೋಡಿಸಲು ಕೈಯಿಂದ ತಿರುಗಿಸಿ ಲಾಕ್ ಮಾಡುವ ಹಬ್, ಬೇಕೆಂದಾಗ ಮಾತ್ರ ಮುಂದಿನ ಚಕ್ರಗಳನ್ನು ಜೋಡಿಸುವ ಟ್ರಾನ್ಸ್‌ಫರ್ ಕೇಸ್. ಎಂಜಿನ್ ಆಯಿಲ್, ಫಿಲ್ಟರ್, ಬ್ರೇಕ್ ಲೈನಿಂಗ್‌ನಂಥ ಕೆಲಸಗಳನ್ನು ಹಲವು ವರ್ಷಗಳಿಂದ ನಾನೇ ಮಾಡಿಕೊಂಡು ಬಂದಿದ್ದೇನೆ. ಆದರೆ ಈಗಿನ ತೊಂದರೆ ಮಾತ್ರ ನನ್ನ ತಿಳಿವಳಿಕೆಗೆ ನಿಲುಕುತ್ತಿಲ್ಲ.

ಎಡಗಡೆಯ ಮುಂದಿನ ಚಕ್ರದ ಹಿಂದೆ, ಸ್ಟೀರಿಂಗ್ ನಕಲ್ (ಸ್ಟೀರಿಂಗ್ ತಿರುಗಿಸಿದಾಗ ಚಕ್ರವನ್ನು ಹೊತ್ತು ತಿರುಗುವ ಭಾಗ) ಅಪ್ಪಿಕೊಂಡಿರುವ ಗೋಳದ ಮೇಲೆ ತೆಳ್ಳಗಿನ ಕಪ್ಪು ದ್ರವ ಇಳಿಯುತ್ತಿದೆ. ಅದು ಗ್ರೀಸೂ ಅಲ್ಲ, ಎಣ್ಣೆಯೂ ಅಲ್ಲ, ಎರಡೂ ಬೆರೆತ ಗಂಜಿಯಂತಿದೆ. ಎಂಟು ತಿಂಗಳ ಹಿಂದೆ ನಕಲ್ ಬಿಚ್ಚಿ ಒಳಗಿನ ಆಯಿಲ್ ಸೀಲ್ ಮತ್ತು ಹೊರಗಿನ ಒರೆಸುವ ಸೀಲ್ ಎರಡನ್ನೂ ಹೊಸದು ಹಾಕಿದೆ. ಎರಡು ತಿಂಗಳೊಳಗೆ ಸೋರಿಕೆ ಮರಳಿತು. ನಾನೇ ತಪ್ಪು ಮಾಡಿರಬೇಕೆಂದು ಮತ್ತೊಮ್ಮೆ ಬಿಚ್ಚಿ, ಮತ್ತೊಂದು ಹೊಸ ಸೀಲ್ ಹಾಕಿದೆ, ಫಲಿತಾಂಶ ಬದಲಾಗಲಿಲ್ಲ. ಬಲಗಡೆ ಒಂದು ಹನಿಯೂ ಸೋರುವುದಿಲ್ಲ.

ಇದರೊಡನೆ ಇನ್ನೊಂದು ಸಂಗತಿಯಿದೆ. ಹಬ್ ಲಾಕ್ ಮಾಡಿ ಫೋರ್ ವೀಲ್‌ಗೆ ಹಾಕಿ ಸ್ಟೀರಿಂಗನ್ನು ಪೂರ್ತಿ ತಿರುಗಿಸಿದಾಗ ಮುಂಭಾಗದಿಂದ ಸದ್ದು ಬರುತ್ತದೆ, ಫೋರ್ ವೀಲ್ ಲಿವರ್ ಹಿಂದಕ್ಕೆ ಬರಲು ಬಹಳ ಬಿಗಿಯಾಗುತ್ತದೆ. ಇದನ್ನು ನೋಡಿದ ಒಂದು ವರ್ಕ್‌ಶಾಪಿನವರು ಆ್ಯಕ್ಸಲ್ ಬಾಗಿದೆ, ಇಡೀ ಜೋಡಣೆಯನ್ನೇ ಬದಲಿಸಬೇಕು ಎಂದರು. ಹಾಗೆ ಮಾಡುವ ಮೊದಲು ಕಾರಣವೇನೆಂದು ಅರಿಯುವುದು ನನ್ನ ಆಸೆ. ಸೀಲ್ ಕೂರಿಸುವುದರಲ್ಲಿ ನನ್ನಿಂದ ತಪ್ಪಾಗುತ್ತಿದೆಯೇ, ಅಥವಾ ನೋಡಬೇಕಾದ ಜಾಗವೇ ಬೇರೆಯೇ?

ಮೊದಲ ಉತ್ತರ

ನಿಮ್ಮ ಕೊನೆಯ ಸಾಲಿನಲ್ಲೇ ಉತ್ತರದ ಅರ್ಧ ಭಾಗವಿದೆ. ಒಂದೇ ಜಾಗದ ಸೀಲ್ ಎರಡು ಸಲ ಸೋತಿದೆ ಎಂದರೆ ಸೀಲನ್ನು ಸೋಲಿಸುತ್ತಿರುವುದು ಬೇರೆ ಯಾವುದೋ ಇದೆ. ಅದನ್ನು ಹುಡುಕದೆ ಮೂರನೆಯ ಸೀಲ್ ತರಬೇಡಿ.

ಮೊದಲು ಒಳಗಿನ ರಚನೆಯನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಆ್ಯಕ್ಸಲ್ ಕೊಳವೆಯ ತುದಿಯಲ್ಲಿ ಟೊಳ್ಳಾದ ಒಂದು ಗೋಳವಿರುತ್ತದೆ. ನಕಲ್ ಅದನ್ನು ಹೊರಗಿನಿಂದ ತಬ್ಬಿಕೊಂಡು, ಮೇಲೊಂದು ಕೆಳಗೊಂದು ಇರುವ ಕಿಂಗ್ ಪಿನ್ ಬೇರಿಂಗ್‌ಗಳ ಮೇಲೆ ತಿರುಗುತ್ತದೆ. ಚಕ್ರಕ್ಕೆ ಶಕ್ತಿ ಒಯ್ಯುವ ಬಿರ್ಫೀಲ್ಡ್ ಜಾಯಿಂಟ್, ಅಂದರೆ ಚಕ್ರ ಓರೆಯಾದರೂ ಒಂದೇ ವೇಗದಲ್ಲಿ ತಿರುಗಿಸುವ ಆರು ಉಕ್ಕಿನ ಗುಂಡುಗಳ ಸಿ.ವಿ. ಜಾಯಿಂಟ್, ಈ ಗೋಳದೊಳಗೆ ದಪ್ಪ ಗ್ರೀಸಿನಲ್ಲಿ ಮುಳುಗಿರುತ್ತದೆ. ಡಿಫರೆನ್ಷಿಯಲ್‌ನ (ತಿರುವಿನಲ್ಲಿ ಎಡ ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು ಜೋಡಣೆಯ) ತೆಳು ಎಣ್ಣೆ ಈ ಗ್ರೀಸಿಗೆ ಸೇರದಂತೆ ತಡೆಯುವುದು ಕೊಳವೆಯ ಬಾಯಲ್ಲಿರುವ ಒಳಗಿನ ಸೀಲ್. ಅದು ಸೋತರೆ ಎಣ್ಣೆ ಒಳನುಗ್ಗಿ ಗ್ರೀಸನ್ನು ಕರಗಿಸುತ್ತದೆ. ಗೋಳದ ಹೊರಮೈಯನ್ನು ಒರೆಸುವ ಸೀಲ್ ಇರುವುದು ಧೂಳು ಕೆಸರು ಒಳಹೋಗದಿರಲಿ ಎಂದೇ ಹೊರತು ತೆಳು ಎಣ್ಣೆಯನ್ನು ತಡೆಯಲೆಂದಲ್ಲ. ಆದ್ದರಿಂದ ನೀವು ಹೊರಗೆ ಕಾಣುತ್ತಿರುವ ಗಂಜಿ ಒಳಗಿನ ಸೀಲಿನ ಸುದ್ದಿ.

ಈಗ ಕಾರಣಕ್ಕೆ ಬರುತ್ತೇನೆ. ನಾನು ಎಲ್ಲಕ್ಕಿಂತ ಮೊದಲು ನೋಡುವುದು ಬ್ರೀದರ್, ಅಂದರೆ ಒಳಗಿನ ಗಾಳಿ ಆಡುವ ತೂತನ್ನು. ಆ್ಯಕ್ಸಲ್ ಕೊಳವೆಯ ಮೇಲೆ ಹೆಬ್ಬೆರಳಿನ ಉಗುರಿನಷ್ಟೇ ದೊಡ್ಡದಾದ ಒಂದು ಟೋಪಿ ಇರುತ್ತದೆ. ಕೆಸರಿನಡಿ ಹೂತುಹೋಗಿ ಅದು ಇದೆಯೆಂಬುದೇ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ಗಾಡಿ ಓಡಿದಾಗ ಡಿಫರೆನ್ಷಿಯಲ್ ಬಿಸಿಯಾಗುತ್ತದೆ. ಒಳಗಿನ ಗಾಳಿ 20 ಡಿಗ್ರಿಯಿಂದ 80 ಡಿಗ್ರಿ ಸೆಲ್ಸಿಯಸ್‌ಗೆ ಏರಿದರೆ ಅದರ ಗಾತ್ರ ಸುಮಾರು ಐದನೇ ಒಂದು ಭಾಗದಷ್ಟು ಹಿಗ್ಗಲು ನೋಡುತ್ತದೆ. ಬ್ರೀದರ್ ತೆರೆದಿದ್ದರೆ ಆ ಗಾಳಿ ಹೊರಹೋಗುತ್ತದೆ. ಕಟ್ಟಿಕೊಂಡಿದ್ದರೆ ಒತ್ತಡ ಬೆಳೆದು, ಎಣ್ಣೆಯನ್ನು ಸೀಲಿನ ತುಟಿಯಾಚೆ ತಳ್ಳುತ್ತದೆ. ಎಷ್ಟೇ ಹೊಸ ಸೀಲ್ ಆದರೂ ಇಂಥ ಒತ್ತಡವನ್ನು ತಾಳಲೆಂದು ಮಾಡಿದ್ದಲ್ಲ. ಇದೇ ಆ್ಯಕ್ಸಲ್ ಬಿಸಿಯಾಗಿರುವಾಗ ಹಳ್ಳದ ನೀರಿಗೆ ಇಳಿದರೆ ತದ್ವಿರುದ್ಧವಾಗುತ್ತದೆ: ಒಳಗಿನ ಗಾಳಿ ಥಟ್ಟನೆ ಕುಗ್ಗಿ, ಸೀಲುಗಳ ಮೂಲಕ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ನಿಮ್ಮ ಎಣ್ಣೆ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದೇ ಅರ್ಥ.

ಆದರೆ ಒತ್ತಡ ಎರಡೂ ಕಡೆಗೆ ಸಮಾನ, ಸೋರುತ್ತಿರುವುದು ಎಡಗಡೆ ಮಾತ್ರ. ಹಾಗಾಗಿ ಎಡಗಡೆಯ ಸೀಲನ್ನು ದುರ್ಬಲಗೊಳಿಸುವ ಇನ್ನೊಂದು ಕಾರಣವೂ ಇರಲೇಬೇಕು. ಕೊಳವೆಯೊಳಗೆ ತಿರುಗುವ ಆ್ಯಕ್ಸಲ್ ಶಾಫ್ಟ್ ಹೊರತೆಗೆದು ಒರೆಸಿ, ಸೀಲಿನ ತುಟಿ ಉಜ್ಜುವ ಜಾಗದ ಮೇಲೆ ಉಗುರನ್ನು ಉದ್ದಕ್ಕೆ ಎಳೆಯಿರಿ. ಮೂವತ್ತು ವರ್ಷ ದಾಟಿದ ಶಾಫ್ಟಿನಲ್ಲಿ ರಬ್ಬರೇ ಉಕ್ಕನ್ನು ಸವೆಸಿ ಗೆರೆ ಕೊರೆದಿರುತ್ತದೆ. ಹೊಳೆಯುವ ಗುರುತಷ್ಟೇ ಇದ್ದರೆ ಚಿಂತೆಯಿಲ್ಲ, ಉಗುರು ಸಿಕ್ಕಿಕೊಂಡರೆ ಯಾವ ಹೊಸ ಸೀಲೂ ಅಲ್ಲಿ ನಿಲ್ಲುವುದಿಲ್ಲ. ಹಾಗೆಯೇ ಕಿಂಗ್ ಪಿನ್ ಬೇರಿಂಗ್‌ಗಳನ್ನೂ ನೋಡಿ. ಅವು ಸವೆದಿದ್ದರೆ, ಇಲ್ಲವೇ ಹಿಂದೆ ಯಾರೋ ಬಿಚ್ಚಿದಾಗ ಮೇಲಿನ ಶಿಮ್ (ಅಂತರ ಹೊಂದಿಸುವ ತೆಳು ಲೋಹದ ಬಿಲ್ಲೆ) ಕೆಳಗೆ, ಕೆಳಗಿನದು ಮೇಲೆ ಆಗಿದ್ದರೆ, ನಕಲ್ ಗೋಳದ ನಟ್ಟನಡುವೆ ಇರುವುದಿಲ್ಲ. ಶಾಫ್ಟ್ ಸೀಲಿನ ಒಂದು ಬದಿಯನ್ನು ಒತ್ತುತ್ತಾ, ಇನ್ನೊಂದು ಬದಿಯಲ್ಲಿ ಸಂದು ಬಿಡುತ್ತಾ ತಿರುಗುತ್ತದೆ.

ಕೆಲಸ ಶುರುಮಾಡುವಾಗ ಒಂದು ಮಾತನ್ನು ಮರೆಯಬೇಡಿ: ಎಣ್ಣೆ ಇಳಿಸುವ ಪ್ಲಗ್ ಸಡಿಲಿಸುವ ಮೊದಲು ತುಂಬುವ ಪ್ಲಗ್ ಬಿಚ್ಚಲು ಬರುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ. ಎಣ್ಣೆಯೆಲ್ಲ ಇಳಿದ ಮೇಲೆ ತುಂಬುವ ಪ್ಲಗ್ ಕಚ್ಚಿಕೊಂಡಿರುವುದು ತಿಳಿದರೆ ಗಾಡಿ ಇದ್ದಲ್ಲೇ ಉಳಿಯುತ್ತದೆ.

ಎರಡನೆಯ ಉತ್ತರ

ಸೋರಿಕೆಯ ವಿಷಯವನ್ನು ಮೇಲಿನವರು ಚೆನ್ನಾಗಿ ವಿವರಿಸಿದ್ದಾರೆ. ನಾನು ಸದ್ದಿನ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ಆ್ಯಕ್ಸಲ್ ಬಾಗಿದೆ ಎಂಬ ತೀರ್ಮಾನಕ್ಕೆ ಬಹುಶಃ ಅದೇ ಕಾರಣವಾಗಿದೆ.

ನಿಮ್ಮದು ಮುಂದಿನ ಮತ್ತು ಹಿಂದಿನ ಆ್ಯಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ ಇಲ್ಲದ ವ್ಯವಸ್ಥೆ. ಫೋರ್ ವೀಲ್‌ಗೆ ಹಾಕಿದೊಡನೆ ಆ್ಯಕ್ಸಲ್‌ಗಳಿಗೆ ಶಕ್ತಿ ಒಯ್ಯುವ ಮುಂದಿನ ಮತ್ತು ಹಿಂದಿನ ಪ್ರೊಪೆಲ್ಲರ್ ಶಾಫ್ಟ್‌ಗಳು ಒಂದೇ ಕಬ್ಬಿಣದಂತೆ ಬೆಸೆದುಕೊಳ್ಳುತ್ತವೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಸಾಗಬೇಕು. ಮಣ್ಣು ಮರಳಿನ ಮೇಲಾದರೆ ಟೈರ್ ಕೊಂಚ ಜಾರಿ ಆ ವ್ಯತ್ಯಾಸವನ್ನು ಸರಿದೂಗಿಸುತ್ತದೆ. ಒಣ ಡಾಂಬರಿನ ಮೇಲೆ ಜಾರಲು ಅವಕಾಶವಿಲ್ಲದೆ ಶಾಫ್ಟು, ಗೇರುಗಳಲ್ಲಿ ತಿರುಚು ಕಟ್ಟಿಕೊಳ್ಳುತ್ತದೆ. ಲಿವರ್ ಬಿಗಿಯಾಗುವುದು ಅದರಿಂದಲೇ. ಕೆಲವು ಅಡಿ ನೇರವಾಗಿ ಹಿಂದಕ್ಕೆ ಹೋದರೆ ತಿರುಚು ಬಿಟ್ಟು ಲಿವರ್ ಸಲೀಸಾಗಿ ಬರುತ್ತದೆ. ನಾಲ್ಕು ಟೈರ್‌ಗಳ ಸುತ್ತಳತೆ ಒಂದೇ ಇಲ್ಲದಿದ್ದರೆ ನೇರ ದಾರಿಯಲ್ಲೂ ಇದೇ ತೊಂದರೆ ಬರುತ್ತದೆ. ಹಿಂದೆ ಹೊಸ ಟೈರ್, ಮುಂದೆ ಸವೆದ ಟೈರ್ ಇದ್ದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಆದ್ದರಿಂದ ಪರೀಕ್ಷೆಯನ್ನು ಸಡಿಲ ಮಣ್ಣಿರುವ ಸಮತಟ್ಟಾದ ಬಯಲಿನಲ್ಲಿ ಮಾಡಿ. ಹಬ್ ಲಾಕ್ ಮಾಡಿ, ಲೋ ರೇಂಜ್‌ಗೆ (ಟ್ರಾನ್ಸ್‌ಫರ್ ಕೇಸಿನ ನಿಧಾನದ ಗೇರಿಗೆ) ಹಾಕಿ, ಸ್ಟೀರಿಂಗನ್ನು ಒಂದು ಬದಿಗೆ ಪೂರ್ತಿ ತಿರುಗಿಸಿ, ನಡಿಗೆಯ ವೇಗದಲ್ಲಿ ವೃತ್ತಾಕಾರವಾಗಿ ಓಡಿಸಿ; ಇನ್ನೊಬ್ಬರು ಗಾಡಿಯಿಂದ ದೂರ ನಿಂತು ಕಿವಿಗೊಡಲಿ. ಚಕ್ರದ ಸುತ್ತಿಗೆ ತಾಳ ಹಾಕಿದಂತೆ ಕಟ್ ಕಟ್ ಎಂದು ಬಂದರೆ ಜಾಯಿಂಟಿನೊಳಗೆ ಗುಂಡು ಓಡುವ ಕಾಲುವೆಗಳು ಗುಳಿಬಿದ್ದಿವೆ. ಯಾವಾಗಲೋ ಒಮ್ಮೆ ಢಬ್ ಎಂದು ಸುಮ್ಮನಾದರೆ ಅದು ಕಟ್ಟಿಕೊಂಡ ತಿರುಚು ಬಿಟ್ಟ ಸದ್ದು, ಅದಕ್ಕೆ ರಿಪೇರಿ ಬೇಕಿಲ್ಲ.

ಚಕ್ರ ಎತ್ತುವಾಗ ಜ್ಯಾಕ್ ಒಂದನ್ನೇ ನಂಬಿ ಗಾಡಿಯ ಕೆಳಗೆ ಕೈ ಹಾಕಬೇಡಿ. ಆ್ಯಕ್ಸಲ್‌ನ ಅಡಿ ಎರಡೂ ಕಡೆ ಸ್ಟ್ಯಾಂಡ್ ಕೊಟ್ಟು, ಹಿಂದಿನ ಚಕ್ರಗಳಿಗೆ ಮುಂದೆಯೂ ಹಿಂದೆಯೂ ಕಟ್ಟೆ ಇಡಿ. ಬ್ರೇಕ್ ಕ್ಯಾಲಿಪರ್ ಬಿಚ್ಚಿದ ಮೇಲೆ ಅದನ್ನು ತಂತಿಯಿಂದ ಸ್ಪ್ರಿಂಗಿಗೆ ತೂಗುಹಾಕಿ. ರಬ್ಬರ್ ಹೋಸ್‌ನಿಂದ ನೇತಾಡಿಸಿದರೆ ಹೋಸ್ ಒಳಗಿನಿಂದ ಸೀಳುತ್ತದೆ, ಹೊರಗೆ ಕಾಣುವುದಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಕಳೆದ ಎರಡು ದಿನ ಪೂರ್ತಿ ಇದರಲ್ಲೇ ಕಳೆದೆ.

ಬಯಲಿನ ಪರೀಕ್ಷೆಯಲ್ಲಿ ತಾಳದ ಸದ್ದು ಬರಲಿಲ್ಲ. ನಾನು ಇಷ್ಟು ದಿನ ಗಾಡಿಯನ್ನು ಪರೀಕ್ಷಿಸುತ್ತಿದ್ದದ್ದು ಕಾಂಕ್ರೀಟ್ ನೆಲದ ಮೇಲೆ ಎಂಬುದು ಆಮೇಲೆ ಹೊಳೆಯಿತು. ಮನೆಗೆ ಬಂದು ಮುಂದಿನ ಆ್ಯಕ್ಸಲ್ ಇನ್ನೂ ಬೆಚ್ಚಗಿರುವಾಗಲೇ ತುಂಬುವ ಪ್ಲಗ್ ಸಡಿಲಿಸಿದೆ. ಸೈಕಲ್ ಟ್ಯೂಬಿನ ವಾಲ್ವ್ ಒತ್ತಿದಂತೆ ಉಸ್ ಎಂದು ಗಾಳಿ ಹೊರಬಂತು. ಬ್ರೀದರ್ ಬಿಚ್ಚಿ ನೋಡಿದರೆ ಅದರ ತೂತಿನಲ್ಲಿ ಕೆಸರು ಇಟ್ಟಿಗೆಯಂತೆ ಒಣಗಿ ಕುಳಿತಿತ್ತು. ಊದಿದರೆ ಗಾಳಿ ಹೋಗಲಿಲ್ಲ, ಸೂಜಿಯಿಂದ ಕೆದಕಬೇಕಾಯಿತು.

ಎಡ ಶಾಫ್ಟಿನ ಮೇಲೆ ಉಗುರು ಸ್ಪಷ್ಟವಾಗಿ ಸಿಕ್ಕಿಕೊಳ್ಳುತ್ತದೆ. ಬಲ ಶಾಫ್ಟಿನಲ್ಲಿ ಹೊಳಪಿನ ಗುರುತು ಮಾತ್ರ ಇದೆ. ಎಡಗಡೆಯ ಕೆಳಗಿನ ಕಿಂಗ್ ಪಿನ್ ಬೇರಿಂಗ್‌ನ ಹೊರ ಬಳೆಯಲ್ಲಿ ರೋಲರ್‌ಗಳು ಒತ್ತಿದ ಗೆರೆಗಳು ಸಾಲಾಗಿ ಮೂಡಿವೆ. ಮೇಲಿನ ಬೇರಿಂಗ್ ನೋಡಲು ಚೆನ್ನಾಗಿದೆ. ಈಗ ಶಾಫ್ಟನ್ನೇ ಬದಲಿಸಬೇಕೇ? ಕೆಳಗಿನ ಬೇರಿಂಗ್ ಮಾತ್ರ ಬದಲಿಸಿದರೆ ಸಾಕೇ?

ಮೊದಲ ಉತ್ತರ ಬರೆದವರು

ಆ ಉಸ್ ಎಂಬ ಸದ್ದಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆ್ಯಕ್ಸಲ್ ಬದಲಿಸುವ ಮಾತನ್ನು ಬಿಟ್ಟುಬಿಡಿ.

ಬೇರಿಂಗ್‌ಗಳನ್ನು ಮೇಲೆ ಕೆಳಗೆ ಎರಡನ್ನೂ ಅವುಗಳ ಹೊರ ಬಳೆಗಳ ಸಹಿತ ಬದಲಿಸಿ. ಹಳೆಯ ಬಳೆಯಲ್ಲಿ ಹೊಸ ರೋಲರ್ ಕೂರಿಸುವುದು ವ್ಯರ್ಥ. ಶಿಮ್‌ಗಳನ್ನು ಮೇಲಿನವು, ಕೆಳಗಿನವು ಎಂದು ಬೇರೆ ಬೇರೆ ಪೊಟ್ಟಣದಲ್ಲಿ ಕಟ್ಟಿಡಿ. ಜೋಡಿಸುವಾಗ ಸೀಲು, ಶಾಫ್ಟು, ಎರಡೂ ಚಕ್ರಗಳನ್ನು ಜೊತೆಯಾಗಿ ತಿರುಗಿಸುವ ಟೈ ರಾಡ್ ಯಾವುದೂ ಇಲ್ಲದೆ ಬರೀ ನಕಲ್ ಕೂರಿಸಿ, ಸ್ಟೀರಿಂಗ್ ತೋಳಿನ ತುದಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಲಂಬಕೋನದಲ್ಲಿ ಎಳೆಯಿರಿ. ನಕಲ್ ಅಲುಗತೊಡಗುವಾಗ ಎಷ್ಟು ಬಿಗಿ ಇರಬೇಕೆಂಬುದು ಗಾಡಿಯಿಂದ ಗಾಡಿಗೆ ಬೇರೆ, ನಿಮ್ಮ ಮಾದರಿಯ ವರ್ಕ್‌ಶಾಪ್ ಕೈಪಿಡಿಯಲ್ಲಿರುವ ಅಂಕಿಯನ್ನೇ ಅನುಸರಿಸಿ. ಸಡಿಲವಿದ್ದರೆ ಶಿಮ್ ತೆಗೆಯಬೇಕು, ತೀರಾ ಬಿಗಿಯಿದ್ದರೆ ಸೇರಿಸಬೇಕು. ಈ ಬಿಗಿ ಸಾಲದೇ ಹೋದರೆ ವೇಗದಲ್ಲಿ ಮುಂದಿನ ಚಕ್ರಗಳು ಹುಚ್ಚು ಹಿಡಿದಂತೆ ನಡುಗುತ್ತವೆ, ಆಗ ಜನರು ವ್ಯರ್ಥವಾಗಿ ಸ್ಟೀರಿಂಗ್ ಡ್ಯಾಂಪರ್ (ಸ್ಟೀರಿಂಗಿನ ನಡುಕ ತಡೆಯುವ ಕೊಳವೆ) ಬದಲಿಸುತ್ತಾ ಕೂರುತ್ತಾರೆ.

ಶಾಫ್ಟಿನ ಗೆರೆಗೆ ಮೂರು ದಾರಿಗಳಿವೆ. ಶಾಫ್ಟ್ ಬದಲಿಸಬಹುದು. ಗೆರೆಯ ಮೇಲೆ ತೆಳುವಾದ ಉಕ್ಕಿನ ತೋಳು, ಅಂದರೆ ರಿಪೇರಿ ಸ್ಲೀವ್ ಹಾಕಬಹುದು. ಮೂರನೆಯದು ನನಗೆ ಇಷ್ಟವಾದದ್ದು: ಸೀಲ್ ಕೂರುವ ಗೂಡಿನಲ್ಲಿ ಜಾಗವಿದ್ದರೆ ಅದನ್ನು ಮೊದಲಿಗಿಂತ 2 ಮಿಲಿಮೀಟರ್ ಹಿಂದೆ ಅಥವಾ ಮುಂದೆ ನಿಲ್ಲಿಸಿ, ತುಟಿ ಸವೆಯದ ಉಕ್ಕಿನ ಮೇಲೆ ಕೂರುವಂತೆ ಮಾಡುವುದು. ಸೀಲನ್ನು ಸುತ್ತಿಗೆಯಿಂದ ನೇರವಾಗಿ ಬಡಿಯದೆ, ಅದರ ಹೊರ ಅಂಚಿನಷ್ಟೇ ಅಗಲದ ಸಾಕೆಟ್ ಇಟ್ಟು ಸುತ್ತಲೂ ಸಮನಾಗಿ ಇಳಿಸಿ. ತುಟಿಗೆ ಗ್ರೀಸ್ ಸವರಿ. ಶಾಫ್ಟ್ ತೂರಿಸುವಾಗ ಅದರ ಭಾರ ಸೀಲಿನ ಮೇಲೆ ಬೀಳದಂತೆ ಕೈಯಲ್ಲೇ ಎತ್ತಿ ಹಿಡಿದು ಒಳಬಿಡಿ. ಶಾಫ್ಟಿನ ತುದಿಯ ಹಲ್ಲುಗಳು ಸೀಲಿನ ತುಟಿಯನ್ನು ಒಮ್ಮೆ ಗೀಚಿದರೆ ನಾಲ್ಕನೆಯ ಸೀಲ್ ತರಬೇಕಾಗುತ್ತದೆ. ನನ್ನ ಮೊದಲ ಪ್ರಯತ್ನದಲ್ಲಿ ಹಾಗೇ ಆಗಿತ್ತು.

ಗೋಳದೊಳಗೆ ಹಳೆಯ ಗಂಜಿಯ ಒಂದು ಚೂರೂ ಉಳಿಯದಂತೆ ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ, ಜಾಯಿಂಟಿನ ಪ್ರತಿ ಗುಂಡಿನ ಸುತ್ತ ಬೆರಳಿನಿಂದ ಮಾಲಿಬ್ಡಿನಮ್ ಡೈಸಲ್ಫೈಡ್ ಇರುವ ಲಿಥಿಯಂ ಗ್ರೀಸ್ ತುಂಬಿ. ಡಿಫರೆನ್ಷಿಯಲ್‌ಗೆ ಜಿಎಲ್-5 ದರ್ಜೆಯ ಗೇರ್ ಎಣ್ಣೆ, ಗಾಡಿ ನಾಲ್ಕೂ ಚಕ್ರಗಳ ಮೇಲೆ ಸಮತಟ್ಟಾಗಿ ನಿಂತಿರುವಾಗ, ತುಂಬುವ ತೂತಿನ ಕೆಳ ಅಂಚಿನವರೆಗೆ ಮಾತ್ರ ಹಾಕಿ. ಉಳಿದ ಜಿಎಲ್-5 ಎಣ್ಣೆಯನ್ನು ಗೇರ್‌ಬಾಕ್ಸಿಗೆ ಸುರಿಯಬೇಡಿ. ಹಳೆಯ ಗೇರ್‌ಬಾಕ್ಸುಗಳ ಹಿತ್ತಾಳೆಯ ಸಿಂಕ್ರೊ ಬಳೆಗಳಿಗೆ (ಗೇರ್ ಬದಲಿಸುವಾಗ ವೇಗ ಹೊಂದಿಸುವ ಬಳೆಗಳಿಗೆ) ಅದರಲ್ಲಿನ ಗಂಧಕ, ರಂಜಕದ ಅಂಶ ಒಗ್ಗದಿರಬಹುದು, ಅಲ್ಲಿ ಕೈಪಿಡಿ ಜಿಎಲ್-4 ಕೇಳಿದರೆ ಜಿಎಲ್-4 ಅನ್ನೇ ಹಾಕಿ.

ಬ್ರೀದರ್ ಅನ್ನು ಮತ್ತೆ ಅದೇ ಜಾಗದಲ್ಲಿ ಬಿಡದೆ, ಎಣ್ಣೆಗೆ ಕೆಡದ ಒಂದು ರಬ್ಬರ್ ಹೋಸ್ ಜೋಡಿಸಿ ಎಂಜಿನ್ ಕೋಣೆಯ ಮೇಲ್ಭಾಗಕ್ಕೆ ಒಯ್ಯಿರಿ. ಆ್ಯಕ್ಸಲ್ ಮೇಲೆ ಕೆಳಗೆ ಆಡುವಾಗ ಎಳೆತಕ್ಕೆ ಸಿಗದಷ್ಟು ಸಡಿಲ ಇರಲಿ.

ಪ್ರಶ್ನೆ ಕೇಳಿದವರು

ಆರು ವಾರಗಳ ನಂತರ ಬರೆಯುತ್ತಿದ್ದೇನೆ. ಎಡಗಡೆಯ ಗೂಡಿನಲ್ಲಿ ಜಾಗವಿತ್ತು, ಸೀಲನ್ನು 2 ಮಿಲಿಮೀಟರ್ ಹೊರಗೆ ನಿಲ್ಲಿಸಿದೆ. ಬೇರಿಂಗ್‌ಗಳು ಹೊಸವು, ಬ್ರೀದರ್ ಹೋಸ್ ಈಗ ಎಂಜಿನ್ ಕೋಣೆಯ ಗೋಡೆಯ ಮೇಲಿದೆ. ಸುಮಾರು 900 ಕಿಲೋಮೀಟರ್ ಓಡಿಸಿ, ಆ್ಯಕ್ಸಲ್ ಬಿಸಿಯಾಗಿರುವಾಗಲೇ ತುಂಬುವ ಪ್ಲಗ್ ತೆರೆದೆ. ಗಾಳಿಯ ಸದ್ದಿಲ್ಲ, ಎಣ್ಣೆಯ ಮಟ್ಟ ಇಳಿದಿಲ್ಲ. ಎಡ ಗೋಳದ ಮೇಲೆ ತೆಳ್ಳಗಿನ ಗ್ರೀಸಿನ ಪದರವೊಂದಿದೆ, ಆದರೆ ಅದು ಹರಿಯುವುದಿಲ್ಲ, ತೊಟ್ಟಿಕ್ಕುವುದೂ ಇಲ್ಲ. ಅದನ್ನೂ ಸೋರಿಕೆ ಎಂದು ಎಣಿಸಬೇಕೇ?

ಎರಡನೆಯ ಉತ್ತರ ಬರೆದವರು

ಬೇಡ. ಬಲಗಡೆಯ ಗೋಳವನ್ನು ಬೆರಳಿನಿಂದ ಮುಟ್ಟಿ ನೋಡಿ, ಅಲ್ಲೂ ಅದೇ ಪದರ ಸಿಗುತ್ತದೆ. ಒರೆಸುವ ಸೀಲ್ ತನ್ನ ಕೆಲಸ ಮಾಡುವಾಗ ಉಳಿಸುವ ಗ್ರೀಸ್ ಅದು, ಗೋಳಕ್ಕೆ ತುಕ್ಕು ಹಿಡಿಯದಂತೆ ಕಾಯುವುದೂ ಅದೇ. ಒರೆಸದೆ ಹಾಗೇ ಬಿಡಿ. ಚಕ್ರದ ಬೇರಿಂಗ್‌ಗಳನ್ನೂ ನೀವು ಈ ಕೆಲಸದಲ್ಲಿ ಬಿಚ್ಚಿ ಕೂರಿಸಿರುವುದರಿಂದ, ಈ ವಾರವೇ ಒಮ್ಮೆ ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ ನೋಡಿ. ಹೊಸದಾಗಿ ಕೂತ ಬೇರಿಂಗ್ ಸ್ವಲ್ಪ ಸಡಿಲಾಗಿದ್ದರೆ ಈಗಲೇ ಬಿಗಿ ಮಾಡಿಕೊಳ್ಳಬಹುದು.