ನಾಟಕದ ಫಂಡು, 28 ಸಾವಿರದ ಶಿಕಾರಿ ಸೆಟ್ಟು

ಗುಂಪು: ಎಂಬತ್ತೆಂಟರ ಬ್ಯಾಚು, ನಾಟಕ ಮಾತ್ರ (ಗುಡ್ ಮಾರ್ನಿಂಗ್ ಹಾಕ್ಬೇಡಿ)

ಶನಿವಾರ

ಶ್ರೀಧರ, 7:12
ಆರು ಫೋಟೊ ಹಾಕಿದೀನಿ, ನೋಡ್ರಪ್ಪಾ. ಶಿವಾಜಿನಗರದ ಹಳೇ ಸಾಮಾನಿನ ಅಂಗಡಿಯವನು ಕಳಿಸಿದ್ದು. "1930ರ ಅಸಲಿ ಶಿಕಾರಿ ಸೆಟ್, ಆಂಡರ್ಸನ್ ದೊರೆ ಕಾಲದ್ದು" ಅಂತೆ. ಅದೇ, ಶಿಕಾರಿ ಕಥೆ ಬರೆದ ಬೇಟೆಗಾರ ಕೆನೆತ್ ಆಂಡರ್ಸನ್. ಖಾಕಿ ಕೋಟು, ಸೋಲಾ ಟೋಪಿ, ಕೋವಿಯ ತೋಟಾ (ಕಾರ್ಟ್ರಿಜ್) ಸಿಕ್ಕಿಸೋ ಬೆಲ್ಟು, ಕ್ಯಾನ್ವಾಸ್ ಚೀಲ, ಕಾಲಿಗೆ ಸುತ್ತೋ ಉಣ್ಣೆ ಪಟ್ಟಿ, ಕಡವೆ ಚರ್ಮದ ಬೂಟು, ಕೋವಿ ಮದ್ದು ತುಂಬಿಡೋ ಕೊಂಬು. ಎಲ್ಲ ಸೇರಿ 28,000. ಫಂಡಲ್ಲಿ 31,000 ಇದೆ. ಎರಡನೇ ಅಂಕದ ದೊರೆಗೆ ಇದಕ್ಕಿಂತ ಇನ್ನೇನು ಬೇಕು? ಸಂಜೆಯೊಳಗೆ ಹೂಂ ಅನ್ಬೇಕಂತೆ.

ನಾಗೇಶ, 7:15
ಸಂಜೆಯೊಳಗೆ ಅಂದ್ನಲ್ಲ, ಅಲ್ಲೇ ಅರ್ಧ ಬಂಡವಾಳ ಬಯಲಾಯ್ತು.

ಶ್ರೀಧರ, 7:16
ಶುರು ಮಾಡ್ದ ವಕೀಲ. ಈಗಿನ ನೈಲಾನ್ ಜಾಕೆಟ್ಟು ಎರಡು ಮಳೆಗಾಲಕ್ಕೆ ಒಳಗಡೆ ಸಿಪ್ಪೆ ಏಳುತ್ತೆ. ಇದು ತೊಂಬತ್ತು ವರ್ಷ ಬಾಳಿದೆ ಕಣೋ.

ವಿಮಲಾ, 7:29
ಸಿಪ್ಪೆ ಏಳೋದು ನೈಲಾನ್ ಅಲ್ಲ, ಅದರ ಒಳಮೈಗೆ ಬಳಿದ ಪಾಲಿಯುರೆಥೇನ್. ಗಾಳಿಯ ತೇವಕ್ಕೇ ಅದು ಒಡೆಯುತ್ತೆ, ಬೀರುವಿನಲ್ಲಿ ಮಡಿಸಿಟ್ರೆ ಇನ್ನೂ ಬೇಗ. ಅದಿರಲಿ. ಮೂರನೇ ಫೋಟೊದಲ್ಲಿ ಕೊರಳಪಟ್ಟಿಯ ಲೇಬಲ್ ದೊಡ್ಡದು ಮಾಡಿ ನೋಡು. ಟೈಲರ್ ಹೆಸರು ಅಳಿಸಿದೆ, ಕೆಳಗೆ "ಬೆಂಗಳೂರು 560" ಅಂತ ಶುರುವಾಗೋ ನಂಬರ್ ಉಳಿದಿದೆ. ಪಿನ್‌ಕೋಡ್ ಬಂದಿದ್ದು 1972ರ ಆಗಸ್ಟ್ 15ಕ್ಕೆ.

ರಝಾಕ್, 7:30
ಹೋಯ್ತು 1930.

ನಾಗೇಶ, 7:33
ಅದೇ ವರ್ಷ ಸೆಪ್ಟೆಂಬರ್ 9ಕ್ಕೆ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಅಂಕಿತ ಬಿತ್ತು. ಟೈಲರ್ ಗುಂಡಿ ಹಾಕೋದ್ರೊಳಗೆ ಶಿಕಾರಿಯೇ ಮುಗೀತು.

ಮುತ್ತಣ್ಣ, 7:36
ಪೂರ್ತಿ ಮುಗೀಲಿಲ್ಲ ನಾಗೇಶ. ಲೈಸೆನ್ಸ್ ತಗೊಂಡು ಕೆಲವು ಪ್ರಾಣಿ ಹೊಡೆಯೋಕೆ ಆ ಕಾಯ್ದೆಯಲ್ಲೇ ಜಾಗ ಇತ್ತು. ಅದನ್ನೂ ಕಿತ್ತು ಹಾಕಿದ್ದು 1991ರ ತಿದ್ದುಪಡಿ.

ನಾಗೇಶ, 7:36
ಒಪ್ಪಿದೆ, ತಪ್ಪಾಯ್ತು.

ಶ್ರೀಧರ, 7:40
ಲೇಬಲ್ ಆಮೇಲೆ ಹಚ್ಚಿರಬಹುದಲ್ವಾ? ರಿಪೇರಿ ಮಾಡಿದ ಟೈಲರ್ ತನ್ನ ಲೇಬಲ್ ಹಾಕಲ್ವಾ?

ವಿಮಲಾ, 7:52
ಹಾಕ್ತಾನೆ. ಆಗ ಲೇಬಲ್ಲಿನ ಹೊಲಿಗೆ ಅಸ್ತರಿ ದಾಟಿ ಹಿಂಬದಿಗೂ ಕಾಣುತ್ತೆ. ಮೊದಲೇ ಹಾಕಿದ್ರೆ ಲೇಬಲ್ ಅಸ್ತರಿಗೆ ಮಾತ್ರ ಹೊಲಿದಿರುತ್ತೆ, ಕೋಟಿನ ಮೇಲ್ಬಟ್ಟೆಯಲ್ಲಿ ಸೂಜಿ ತೂತೇ ಇರಲ್ಲ. ಅಂಗಡಿಗೆ ಹೋದ್ರೆ ಅದನ್ನ ನೋಡು. ಜೊತೆಗೆ ಕೈಗುಳಿ (ತೋಳು ಸೇರೋ ಜಾಗ) ಒಳಗಿನ ಹೊಲಿಗೆಯಿಂದ ಒಂದಿಂಚು ದಾರ ಎಳೆದು, ಚಿಮಟದಲ್ಲಿ ಹಿಡಿದು ಬೆಂಕಿ ತೋರಿಸು. ಹತ್ತಿ ದಾರ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತೆ. ಕರಗಿ ತುದಿಯಲ್ಲಿ ಗಟ್ಟಿ ಮಣಿ ಕಟ್ಟಿದ್ರೆ ಪಾಲಿಯೆಸ್ಟರ್, ಅಂದ್ರೆ ಎರಡನೇ ಮಹಾಯುದ್ಧ ಮುಗಿದ ಮೇಲಿನ ಹೊಲಿಗೆ. ಒಂದೇ ಜಾಗದ ದಾರ ನೋಡಿ ತೀರ್ಪು ಕೊಡಬೇಡ, ರಿಪೇರಿ ಆಗಿರಬಹುದು. ಕೈಗುಳಿ, ಪಕ್ಕೆ, ಜೇಬು ಮೂರೂ ಕಡೆ ನೋಡು.

ಯುವಿ ಟಾರ್ಚ್ ಹಾಕಿ ಹೊಳೆಯುತ್ತಾ ಅಂತ ನೋಡೋ ಯೂಟ್ಯೂಬ್ ಉಪಾಯ ಮಾತ್ರ ಬೇಡ. ಹಳೇ ಬಟ್ಟೆಯನ್ನೂ ಈಗಿನ ಸೋಪಿನ ಪುಡಿಯಲ್ಲಿ ಒಂದು ಸಲ ಒಗೆದ್ರೆ ಹೊಳೆಯುತ್ತೆ.

ಮುತ್ತಣ್ಣ, 8:05
ಆಂಡರ್ಸನ್ ಹೆಸರು ಎತ್ತಿದಾನಲ್ಲ ಅಂಗಡಿಯವನು. ಆಂಡರ್ಸನ್ ಕೈಲಿದ್ದದ್ದು ವಿಂಚೆಸ್ಟರ್ 1895 ಮಾದರಿ, ಪಾಯಿಂಟ್ 405 ರೈಫಲ್. ಆ ತೋಟದ ಮೈ ಸುಮಾರು 11.7 ಮಿ.ಮೀ., ಹಿಂದಿನ ಅಂಚು 13.8. ಫೋಟೊದ ಬೆಲ್ಟಿನ ಕುಣಿಕೆ ನೋಡು, ಪಕ್ಕದಲ್ಲಿರೋ ಐದು ರೂಪಾಯಿ ನಾಣ್ಯದ ಅಗಲಕ್ಕೆ ಬಹಳ ಕಮ್ಮಿ ಇಲ್ಲ. ಅದು ಹನ್ನೆರಡು ಬೋರಿನ ಚರೆಕೋವಿ ಬೆಲ್ಟು. ಒಂದು ಪೌಂಡ್ ಸೀಸದಲ್ಲಿ ಹನ್ನೆರಡು ಗುಂಡು ಮಾಡಿದ್ರೆ ಒಂದೊಂದರ ಅಗಲ ಎಷ್ಟೋ ಅಷ್ಟೇ ನಳಿಗೆ, 18.5 ಮಿ.ಮೀ. ತೋಟದ ಹೊರಮೈ 20ರ ಮೇಲೆ. 405ರ ತೋಟ ಆ ಕುಣಿಕೆಗೆ ಹಾಕಿದ್ರೆ ನಾಲ್ಕು ಹೆಜ್ಜೆಗೆ ಒಂದೊಂದೇ ನೆಲಕ್ಕೆ.

ಗಿರೀಶ, 8:06
ದಾರಿ ತಪ್ಪದ ಹಾಗೆ ಗುರುತು ಹಾಕ್ತಾ ಹೋಗೋಕೆ ಒಳ್ಳೇದೇ ಮಾರಾಯ.

ಶ್ರೀಧರ, 8:11
ಆಂಡರ್ಸನ್ನಿಂದು ಅಂದಿಲ್ಲ, ಆಂಡರ್ಸನ್ ಕಾಲದ್ದು ಅಂದಿದಾನೆ. ಬೆಲ್ಟಿನ ಚರ್ಮ ನೋಡ್ರಿ, ಆ ಬಣ್ಣ ಈಗ ಎಲ್ಲಿ ಸಿಗುತ್ತೆ? ಆಗಿನ ಸಾಮಾನು ಅಂದ್ರೆ ಸಾಮಾನು.

ರಝಾಕ್, 8:24
ಶ್ರೀ, ಬೇರೆ ಏನನ್ನಾದ್ರೂ ಹೊಗಳು, ಚರ್ಮದ ತೋಟಾ ಬೆಲ್ಟನ್ನ ಮಾತ್ರ ಹೊಗಳಬೇಡ. ಆಗಿನವರೇ ಬೈದುಕೊಂಡ ಸಾಮಾನು ಅದು. ತೊಗಟೆ ಹಾಕಿ ಹದ ಮಾಡಿದ ಚರ್ಮದಲ್ಲಿ ಹುಳಿ ಅಂಶ ಇರುತ್ತೆ, ಮೇಲೆ ಎಣ್ಣೆ ಕೊಬ್ಬು ತಿಕ್ಕಿರ್ತಾರೆ. ತೋಟದ ಹಿತ್ತಾಳೆಯಲ್ಲಿ ತಾಮ್ರ ಇದೆ. ಎರಡೂ ತಿಂಗಳುಗಟ್ಟಲೆ ಅಂಟಿಕೊಂಡಿದ್ರೆ ಹಸಿರು ಮೇಣದಂಥ ಕಿಲುಬು ಬೆಳೆಯುತ್ತೆ. ಆ ಕಿಲುಬಿನ ಸಮೇತ ತೋಟ ನಳಿಗೆಗೆ ಹೋದ್ರೆ ಅಲ್ಲೇ ಕಚ್ಚಿಕೊಳ್ಳುತ್ತೆ, ಹೊರಗೆ ಬರಲ್ಲ. ಅದಕ್ಕೇ ಚರ್ಮ ಬಿಟ್ಟು ನೇಯ್ದ ಹತ್ತಿ ಪಟ್ಟಿಯ ಬೆಲ್ಟ್ ಬಂತು. ಬ್ರಿಟಿಷ್ ಸೈನ್ಯ 1908ರಲ್ಲೇ ಹತ್ತಿ ಪಟ್ಟಿಗೆ ಬದಲಾಯಿತು.

ನಾಲ್ಕನೇ ಫೋಟೊದಲ್ಲಿ ಕುಣಿಕೆ ಒಳಗೆ ಹಸಿರು ಕಾಣ್ತಿದೆ. ತಗೊಂಡ್ರೆ ಬಿದಿರ ಕಡ್ಡಿಯಲ್ಲಿ ಕೆರೆದು, ಒಣ ಬ್ರಷ್ಷಲ್ಲಿ ಉಜ್ಜಬೇಕು. ಲೋಹ ತಾಗಿಸಬಾರದು, ನೀರು ಹಾಕಬಾರದು. ಎಣ್ಣೆ ಕುಡಿಸೋ ಆಸೆ ಎಲ್ಲರಿಗೂ, ಜಾಸ್ತಿ ಆದ್ರೆ ಕುಣಿಕೆ ಸಡಿಲ ಬೀಳುತ್ತೆ, ಹೊಲಿಗೆ ದಾರ ಕೊಳೆಯುತ್ತೆ. ವರ್ಷಕ್ಕೊಮ್ಮೆ ಬಟ್ಟೆಯಲ್ಲಿ ತೆಳ್ಳಗೆ ಸವರಿದ್ರೆ ಸಾಕು. ನಾಟಕಕ್ಕೆ ಕುಣಿಕೆಯಲ್ಲಿ ಮರದ ತುಂಡು ತುಂಬಿ, ತುದಿಗೆ ಹಿತ್ತಾಳೆ ಬಣ್ಣ ಹೊಡೀರಿ. ಎರಡನೇ ಸಾಲಿಂದ ಯಾರಿಗೆ ಗೊತ್ತಾಗುತ್ತೆ.

ಮುತ್ತಣ್ಣ, 8:29
ತೋಟದ ವಿಷಯದಲ್ಲೂ ಆ ಕಾಲ ಏನು ಚಿನ್ನ ಅಲ್ಲ. ಕಾಗದದ ಕೊಳವೆ ತೋಟಗಳು ಮಳೆಗಾಲದಲ್ಲಿ ಉಬ್ಬಿ ನಳಿಗೆಗೇ ಹೋಗ್ತಿರಲಿಲ್ಲ. ಪ್ಲಾಸ್ಟಿಕ್ ಕೊಳವೆ ಬಂದಿದ್ದು 1960ರ ಆಚೀಚೆ.

ಇನ್ನೊಂದು, ಇದು ತಮಾಷೆ ಅಲ್ಲ. ಚೀಲ, ಕೋಟು ಏನೇ ಕೈಗೆ ಬಂದ್ರೂ ಜೇಬಿನ ಮೂಲೆ, ಅಸ್ತರಿ ಹರಿದ ಜಾಗ ಎಲ್ಲ ಬೆರಳು ಹಾಕಿ ನೋಡಿ. ಒಂದೇ ಒಂದು ಹಳೇ ತೋಟ ಸಿಕ್ಕಿದ್ರೂ ಲೈಸೆನ್ಸ್ ಇಲ್ಲದವನ ಹತ್ತಿರ ಅದು ಕೇಸು. ಕುಟ್ಟೋದು, ಬಿಚ್ಚೋದು, ಕಸಕ್ಕೆ ಹಾಕೋದು ಮಾಡದೆ ಠಾಣೆಗೆ ತಿಳಿಸಿ. ಅದೇ ಚೀಲ ತಗೊಂಡು ವಿಮಾನ ಹತ್ತೋಕೆ ಹೋಗ್ಬೇಡಿ ಮತ್ತೆ.

ಶ್ರೀಧರ, 8:31
ಮುತ್ತ, ಕೊಡಗಿನವರಿಗೆ ಲೈಸೆನ್ಸೇ ಬೇಡ ಅಲ್ವಾ? ಹಂಗಾದ್ರೆ ನಾಟಕಕ್ಕೆ ನಿಜವಾದ ಜೋಡಿ ನಳಿಗೆ ಕೋವಿನೇ ತಂದುಬಿಡು.

ಮುತ್ತಣ್ಣ, 8:34
ಕೊಡವರಿಗೆ, ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ವಿನಾಯಿತಿ ಇದೆ, 2029ರವರೆಗೆ ವಿಸ್ತರಿಸಿದ್ದಾರೆ. ಅದು ಬೆಂಗಳೂರಿನ ರಂಗಮಂದಿರದಲ್ಲಿ ನಿನ್ನ ಕೈಗೆ ಕೋವಿ ಕೊಡೋಕಲ್ಲ. ಮರದ್ದು ಮಾಡಿಸು.

ನಾಗೇಶ, 8:41
ಈಗ ನನ್ನ ಸರದಿ. ಕಡವೆ ಚರ್ಮದ ಬೂಟು ಅಂತ ಅವನೇ ಬರೆದಿದ್ದಾನೆ. ಅಜ್ಜನ ಕಾಲದ್ದು, ಕಾಯ್ದೆಗೆ ಮೊದಲಿನದು ಅನ್ನೋ ವಾದ ಮಾರಾಟಕ್ಕೆ ನಡೆಯಲ್ಲ. 2003ರಿಂದ ಜಾರಿಗೆ ಬಂದ ತಿದ್ದುಪಡಿ ಪ್ರಕಾರ ಮಾಲೀಕತ್ವದ ಪ್ರಮಾಣಪತ್ರ ಇದ್ದವನೂ ಅಂಥ ವಸ್ತುವನ್ನ ದುಡ್ಡಿಗೆ ಕೈ ಬದಲಾಯಿಸೋ ಹಾಗಿಲ್ಲ. ಘೋಷಣೆ ಮಾಡ್ಕೊಳ್ಳೋಕೆ ಅದೇ ವರ್ಷ 180 ದಿನ ಕೊಟ್ಟಿದ್ರು. ಗ್ರೂಪಲ್ಲಿ ಬೂಟಿನ ಫೋಟೊ ಇದೆ, ಬೆಲೆ ಇದೆ, ಫಂಡಿನ ಲೆಕ್ಕಾನೂ ಇದೆ. ಸಾಕ್ಷಿ ಬೇರೆ ಹುಡುಕಬೇಕಾ?

ಶ್ರೀಧರ, 8:43
ಅದು ಹಸುವಿನ ಚರ್ಮ ಇರಬಹುದು, ಬೆಲೆ ಏರಿಸೋಕೆ ಕಡವೆ ಅಂದಿರಬಹುದು!

ರಝಾಕ್, 8:47
ಇರಬಹುದು. ಕಡವೆ ಚರ್ಮಕ್ಕೆ ಹೆಸರು ಬಂದಿದ್ದೇ ಮೆತ್ತಗೆ ಇರುತ್ತೆ, ನಡೆದ್ರೆ ಕಿರ್ ಅನ್ನಲ್ಲ ಅಂತ. ನೆನೆದ್ರೆ ಹಿಗ್ಗುತ್ತೆ, ಅದೇ ಅದರ ದೋಷ. ಸವೆದು ಬಣ್ಣ ಹೊಡೆದ ಮೇಲೆ ಫೋಟೊ ನೋಡಿ ಹೇಳೋದು ಯಾರ ಕೈಲೂ ಆಗಲ್ಲ. ಅಂದ್ರೆ ಸುಳ್ಳು ಹೇಳಿದ್ರೆ ಮೋಸ, ನಿಜ ಹೇಳಿದ್ರೆ ಅಪರಾಧ. ಎರಡಕ್ಕೂ ದುಡ್ಡು ಕೊಡೋದು ನಾವು.

ಗಿರೀಶ, 8:50
ಮದ್ದಿನ ಕೊಂಬಿಂದೂ ಅದೇ ಕಥೆ. ಊರ ಎಮ್ಮೆ ಕೊಂಬು ಕಪ್ಪಗೆ, ಚಪ್ಪಟೆ, ಅಡ್ಡಡ್ಡ ಏಣು ಇರುತ್ತೆ. ಫೋಟೊದಲ್ಲಿರೋದು ನುಣ್ಣಗೆ, ಬುಡ ಹಳದಿ ಹಸಿರು, ತುದಿ ಮಾತ್ರ ಕಪ್ಪು. ಕಾಟಿ, ಅಂದ್ರೆ ಕಾಡುಕೋಣದ ಕೊಂಬಿನ ಲಕ್ಷಣ. ದೂರ ಇಡಿ.

ಶ್ರೀಧರ, 9:02
ಸರಿ, ಬೂಟು ಕೊಂಬು ಬೇಡ. ಆದ್ರೆ ನನ್ನ ಮಾತು ಬೇರೆ. ಆಗಿನವರು ಯೋಚನೆ ಮಾಡಿ ಮಾಡಿದ ಉಡುಪು ಇದು. ಖಾಕಿ, ಟೋಪಿ, ಪಟ್ಟಿ, ಪ್ರತಿಯೊಂದಕ್ಕೂ ಕಾರಣ ಇತ್ತು. ಖಾಕಿ ಹುಟ್ಟಿದ್ದೂ ನಮ್ಮ ಮಂಗಳೂರಲ್ಲೇ.

ವಿಮಲಾ, 9:10
ಖಾಕಿ ಅನ್ನೋ ಪದ ಪಾರಸಿಯ ಧೂಳಿಂದ ಬಂದಿದ್ದು. ಪೇಶಾವರದ ಗೈಡ್ಸ್ ಅನ್ನೋ ಸೈನ್ಯದ ದಳಕ್ಕೆ ಬ್ರಿಟಿಷ್ ಅಧಿಕಾರಿ ಲಮ್ಸ್ಡೆನ್ ಆ ಮಣ್ಣು ಬಣ್ಣದ ಬಟ್ಟೆ ತೊಡಿಸಿದ್ದು 1840ರ ದಶಕದ ಕೊನೆಗೆ. ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯ ಹಾಲರ್ ಹೆಸರು ಬರೋದು 1850ರ ದಶಕದಲ್ಲಿ, ಬಣ್ಣ ಹಾಕೋ ವಿಧಾನಕ್ಕೆ. ಎರಡನ್ನೂ ಕಲಸಿ ಜಗಳ ಆಡೋದು ಬೇಡ.

ಕಾರಣ ಇತ್ತು ಅನ್ನೋದು ನಿಜ. ಸೋಲಾ ಟೋಪಿನೇ ತಗೋ. ಬಂಗಾಳದ ಜೌಗಿನಲ್ಲಿ ಬೆಳೆಯೋ ಶೋಲಾ ಗಿಡದ ಬೆಂಡು, ಪದರ ಪದರವಾಗಿ ಅಚ್ಚಿನ ಮೇಲೆ ಅಂಟಿಸಿದ್ದು. ಸೋಲಾರ್ ಅಲ್ಲ, ಸೂರ್ಯನಿಗೂ ಅದಕ್ಕೂ ಸಂಬಂಧ ಇಲ್ಲ. ತಲೆಪಟ್ಟಿಗೂ ಚಿಪ್ಪಿಗೂ ನಡುವೆ ಸಂದು, ನೆತ್ತಿಯಲ್ಲಿ ಗಾಳಿಗುಂಡಿ, ಬಿಸಿಲಿಗೆ ಅದಕ್ಕಿಂತ ತಣ್ಣನೆ ಟೋಪಿ ಇಲ್ಲ. ಮಳೆಗೆ ಮಾತ್ರ ಸೊನ್ನೆ. ನೆನೆದ್ರೆ ಬೆಂಡು ಉಬ್ಬಿ ಅಂಟು ಬಿಡುತ್ತೆ, ಅದಕ್ಕೇ ಮೇಲೆ ಮೇಣಬಟ್ಟೆ ಹೊದಿಕೆ ಇಟ್ಕೊಳ್ತಿದ್ರು. ಹಿಟ್ಟಿನ ಅಂಟು ಹಾಕಿದ್ರೆ ಜಿರಳೆಗೂ ಹಬ್ಬ. ಅಸಲಿಯೋ ಅಲ್ವೋ ನೋಡೋಕೆ ಒಳಪಟ್ಟಿ ಎತ್ತಿ ಉಗುರಲ್ಲಿ ಒತ್ತು: ಬೆಂಡಾದ್ರೆ ಗುರುತು ಹಾಗೇ ಉಳಿಯುತ್ತೆ, ಒತ್ತಿದ ಕಾಗದ ನಾರಿನ ನಕಲಿಯಾದ್ರೆ ಠಣ್ ಅನ್ನುತ್ತೆ.

ಗಿರೀಶ, 9:26
ಬಿಸಿಲಿಗೆ ಸರಿ. ಈ ನಾಟಕದ ಕಥೆ ನಡೆಯೋದು ಆಗುಂಬೆ ಕಡೆ ಮಳೆಗಾಲದಲ್ಲಿ ಅಲ್ವನಾ? ಅಲ್ಲಿ ಆ ಉಣ್ಣೆ ಪಟ್ಟಿ ಇಂಬಳಕ್ಕೆ (ರಕ್ತ ಹೀರೋ ಜಿಗಣೆ) ಏಣಿ ಇಟ್ಟ ಹಾಗೆ. ಒಂಬತ್ತಡಿ ಉದ್ದ, ನಾಲ್ಕಿಂಚು ಅಗಲ, ಹರಡಿಂದ ಮೇಲಕ್ಕೆ ಅರ್ಧರ್ಧ ಮುಚ್ಚೋ ಹಾಗೆ ಸುತ್ತಿ ಮೊಣಕಾಲ ಕೆಳಗೆ ದಾರ ಕಟ್ಟೋದು. ಕುದುರೆ ಸವಾರರು ಮೇಲಿಂದ ಕೆಳಕ್ಕೆ. ಸುತ್ತು ಸುತ್ತಿನ ನಡುವೆ ಇಂಬಳ ನುಸುಳಿ ಕೂತ್ರೆ ಬಿಚ್ಚೋವರೆಗೆ ತಿಳಿಯಲ್ಲ. ಬಿಗಿ ಮಾಡಿದ್ರೆ ಕಾಲು ಜೋಮು, ನೆನೆದ್ರೆ ಇನ್ನೂ ಬಿಗಿ. ಇಂಬಳಕ್ಕೆ ಬೇಕಾದ್ದು ಒತ್ತಾಗಿ ನೇಯ್ದ ಹತ್ತಿ ಚೀಲ, ಪ್ಯಾಂಟಿನ ಮೇಲೆ ಮೊಣಕಾಲವರೆಗೆ, ಹೊಗೆಸೊಪ್ಪಿನ ನೀರಲ್ಲಿ ಅದ್ದಿದ್ದು. ಇಲ್ದಿದ್ರೆ ಮಲೆನಾಡಿನವರ ಹಾಗೆ ಚಡ್ಡಿ, ಬರಿಗಾಲು, ಕೈಯಲ್ಲಿ ಸುಣ್ಣದ ಡಬ್ಬಿ. ಹತ್ತಿದ್ದು ಕಣ್ಣಿಗೇ ಕಾಣುತ್ತೆ.

ಮೇಲಕ್ಕೆ ಕಂಬಳಿ ಕೊಪ್ಪೆ. ಕುರಿ ಉಣ್ಣೆ, ಹಾಸಿನ (ಉದ್ದುದ್ದ) ನೂಲಿಗೆ ಹುಣಸೆ ಬೀಜದ ಗಂಜಿ, ಹೊಸದರಲ್ಲಿ ಮರದ ಹಲಗೆ ಹಾಗಿರುತ್ತೆ. ನೆನೆದ್ರೂ ಬೆಚ್ಚಗೆ, ಮುಳ್ಳಿಗೆ ತಾಗಿದ್ರೂ ಸದ್ದಿಲ್ಲ. ಹಳೇ ಸಾಮಾನು ಅಂತ ಕಣ್ಣೀರು ಹಾಕೋದಾದ್ರೆ ಇದಕ್ಕೆ ಹಾಕು ಮಾರಾಯ. ದೊರೆಯ ಫೋಟೊದಲ್ಲಿ ಪಕ್ಕಕ್ಕೆ ನಿಂತಿರ್ತಾನಲ್ಲ, ಹೆಸರಿಲ್ಲದವನು, ಅವನ ಮೈಮೇಲೆ ಇದ್ದದ್ದು ಇದೇ. ಹೆಜ್ಜೆ ಹುಡುಕಿದವನೂ ಅವನೇ.

ಮುತ್ತಣ್ಣ, 9:30
ಇದಕ್ಕೆ ನನ್ನ ಓಟು. ಕೊಡವರ ಒಡಿಕತ್ತಿ ಬೆನ್ನ ಹಿಂದೆ ಹಿತ್ತಾಳೆ ತೋಡಂಗಿನಲ್ಲಿ (ಕತ್ತಿ ಸಿಕ್ಕಿಸೋ ಕೊಕ್ಕೆ) ಕೂರೋದೂ ಹಾಗೇ, ಮುಂದೆ ಎರಡೂ ಕೈ ಖಾಲಿ. ಅಂಗಡಿಯವನ ಪಟ್ಟಿಯಲ್ಲಿ ಇಂಥದ್ದು ಒಂದೂ ಇಲ್ಲ.

ಶ್ರೀಧರ, 9:38
ಮಳೆ ಸೀನಿಗೆ ಹಾಗಾದ್ರೆ ಮೇಣ ಹಚ್ಚಿದ ಇಂಗ್ಲಿಷ್ ವ್ಯಾಕ್ಸ್ ಜಾಕೆಟ್? ಬಾರ್ಬರ್‌ದು ಸೆಕೆಂಡ್‌ಹ್ಯಾಂಡ್ ಇದೆ, 9,000.

ವಿಮಲಾ, 9:47
ಇಂಗ್ಲೆಂಡಿನ ಸೌತ್ ಶೀಲ್ಡ್ಸ್ ಬಂದರಿನಲ್ಲಿ 1894ರಲ್ಲಿ ಶುರುವಾದ ಕಂಪನಿ, ಆ ಕಡಲ ಚಳಿ ಮಳೆಗೆ ಮಾಡಿದ ಬಟ್ಟೆ. ರಂಗದ ದೀಪದ ಕೆಳಗೆ ಮೇಣ ಬೆವರುತ್ತೆ, ಮುಟ್ಟಿದ ಸೋಫಾಗೆಲ್ಲ ಕಲೆ. ಬೆಂಗಳೂರ ಮಳೆಗಾಲದಲ್ಲಿ ಪ್ಲಾಸ್ಟಿಕ್ ಕವರಲ್ಲಿ ಇಟ್ರೆ ಬೂಷ್ಟು. ಮೆಷಿನ್‌ಗೆ ಹಾಕಿದ್ರಂತೂ ಮೇಣ ಪೂರ್ತಿ ಹೋಗುತ್ತೆ. ತಣ್ಣೀರು, ಸ್ಪಂಜು ಅಷ್ಟೇ. ಮತ್ತೆ ಮೇಣ ಹಾಕ್ಬೇಕಂದ್ರೆ ಡಬ್ಬಿಯನ್ನ ಬಿಸಿನೀರಲ್ಲಿ ಕೂರಿಸಿ ಕರಗಿಸಿ, ಹೊಲಿಗೆ ಸಂದಿಗೆ ಮೊದಲು ತಿಕ್ಕಿ, ಹೇರ್ ಡ್ರೈಯರ್ ಹಿಡಿದು ಇಳಿಸಬೇಕು. ಒಂದು ಜಾಕೆಟ್ಟಿಗೆ ಸುಮಾರು 200 ಮಿ.ಲೀ. ಒಂದೂವರೆ ಗಂಟೆ ನಾಟಕಕ್ಕೆ ಇಷ್ಟೆಲ್ಲ ಯಾರು ಮಾಡ್ತಾರೆ?

ಕೋಟು ನಾನು ಹೊಲಿಸ್ತೀನಿ. ಚಿಕ್ಕಪೇಟೆಯಲ್ಲಿ ಹತ್ತಿ ಖಾಕಿ ಡ್ರಿಲ್, 58 ಇಂಚು ಪನ್ನ (ಅಗಲ), ಎರಡೂ ಮುಕ್ಕಾಲು ಮೀಟರ್. ಕತ್ತರಿಸೋ ಮೊದಲು ಒಂದು ರಾತ್ರಿ ನೆನೆಹಾಕಿ ಒಣಗಿಸಬೇಕು, ಇಲ್ದಿದ್ರೆ ಮೊದಲ ಒಗೆತಕ್ಕೆ ತೋಳು ಒಂದಿಂಚು ಮೇಲೆ. ಬೆನ್ನಲ್ಲಿ ನೆರಿಗೆ ಬಿಡಲೇಬೇಕು. ಕೋವಿ ಎತ್ತಿ ಭುಜಕ್ಕೆ ಇಟ್ಟಾಗ ಬಟ್ಟೆ ಎಳೆಯಬಾರದು, ಹಳೇ ಕೋಟಿನ ನಿಜವಾದ ಜಾಣತನ ಅಲ್ಲಿರೋದು. ಜೇಬಿಗೆ ಸುತ್ತ ಮೂರು ಸೆಂ.ಮೀ. ನೆರಿಗೆ, ತುಂಬಿದ್ರೂ ಮುಚ್ಚಳ ಕೂರೋ ಹಾಗೆ.

ಹಳತು ಮಾಡೋಕೆ ಐದು ಲೀಟರ್ ನೀರಿಗೆ 50 ಗ್ರಾಂ ಟೀ ಪುಡಿ, ಒಂದು ಚಮಚ ಪಟಿಕ. ಕುದಿಸಿ, ಸೋಸಿ, ಇಪ್ಪತ್ತು ನಿಮಿಷ. ಸ್ಟೀಲ್ ಪಾತ್ರೆ ಆಗಬೇಕು. ಕಬ್ಬಿಣದ ಬಾಣಲೆ ತಾಗಿದ್ರೆ ಟೀಯ ಒಗರು ಕಪ್ಪಾಗಿ ಕೋಟೆಲ್ಲ ಮಸಿ. ಸೋಸೋದು ಮರೆತ್ರೆ ಮೈಯೆಲ್ಲ ಚುಕ್ಕಿ. ಬಟ್ಟೆ ಹೊಲಿಗೆ ಸೇರಿ ಐದು ಸಾವಿರ ದಾಟಲ್ಲ.

ರಝಾಕ್, 9:50
ಬೆಲ್ಟು ನಂದು. ಹತ್ತಿ ಪಟ್ಟಿದು, ಹದಿನೈದು ಕುಣಿಕೆ. ಬೂಟು ಹಸುವಿನ ಚರ್ಮ, ಬಿಲ್ ಸಮೇತ ಕೊಡ್ತೀನಿ, ನಾಗೇಶನ ನಿದ್ದೆ ಕೆಡಬಾರದು.

ಗಿರೀಶ, 9:51
ಕಂಬಳಿ ನಾನು ತರ್ತೀನಿ. ಆದ್ರೆ ಕಂಬಳಿ ಹೊದ್ದವನಿಗೆ ಒಂದಾದ್ರೂ ಡೈಲಾಗ್ ಬೇಕು.

ಶ್ರೀಧರ, 10:20
ಅಂಗಡಿಗೆ ಫೋನ್ ಮಾಡಿದ್ದೆ. ಟೋಪಿ ಒಂದೇ ಕೊಡ್ತೀಯಾ ಅಂದ್ರೆ ಸೆಟ್ ಒಡೆಯಲ್ಲ ಅಂದ. ಪಿನ್‌ಕೋಡ್ ವಿಷಯ ಹೇಳ್ದೆ. ಟೋಪಿ 1,500ಕ್ಕೆ ಬಂತು.

ವಿಮಲಾ, 10:22
ಉಗುರಲ್ಲಿ ಒತ್ತಿ ನೋಡಿ ಆಮೇಲೆ ದುಡ್ಡು ಕೊಡು. ಮತ್ತೆ ದೊರೆ ಪಾರ್ಟು ನಿಂದೇ ಅಲ್ವಾ? ಎದೆ ಸುತ್ತಳತೆ ಹೇಳು.

ಶ್ರೀಧರ, 10:23
42.

ವಿಮಲಾ, 10:23
ಹೊಟ್ಟೆ?

ಶ್ರೀಧರ, 10:31
ಪರ್ಸನಲ್ ಆಗಿ ಕಳಿಸ್ತೀನಿ.