ವಿನ್ಯಾಸಕ ಎಂದರೆ ಅಲಂಕಾರ ಮಾಡುವವರೇ?

ಎಲ್ಲರಿಗೂ ನಮಸ್ಕಾರ.

ಸಂಗೀತದ ಸ್ವರಲಿಪಿ ಬರೆಯಲು ಬಳಸುವ ಮ್ಯೂಸ್‌ಸ್ಕೋರ್ ತಂತ್ರಾಂಶದ ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. ಎರಡು ವಾರದಿಂದ ಒಂದೇ ಪದ ನನ್ನನ್ನು ತಡೆದು ನಿಲ್ಲಿಸಿದೆ. ಡಿಸೈನರ್ ಎಂಬುದಕ್ಕೆ ‘ವಿನ್ಯಾಸಕ’ ಎಂದು ಬರೆದರೆ ಓದುಗರಿಗೆ ಸರಿಯಾದ ಅರ್ಥ ಮುಟ್ಟುತ್ತದೆಯೇ? ಇದರ ಜೊತೆಗೇ ಇಂಟರ್‌ಫೇಸ್ (ತಂತ್ರಾಂಶದಲ್ಲಿ ಬಳಸುವವರಿಗೆ ಕಾಣುವ, ಅವರ ಕೈಗೆ ಸಿಗುವ ಭಾಗ) ಮತ್ತು ರಿಡಿಸೈನ್ ಎಂಬ ಪದಗಳೂ ತೊಡಕಾಗಿವೆ. ಆದರೆ ಮೂಲದ ಗಂಟು ಮೊದಲನೆಯದೇ.

ಸಂದರ್ಭ ಹೀಗಿದೆ. ಮ್ಯೂಸ್‌ಸ್ಕೋರ್ ಮುಕ್ತ ತಂತ್ರಾಂಶ, ಅಂದರೆ ಅದರ ಕೋಡನ್ನು ಯಾರು ಬೇಕಾದರೂ ನೋಡಿ ತಿದ್ದಬಹುದು. 2002ರಲ್ಲಿ ವರ್ನರ್ ಶ್ವೇರ್ ಅದನ್ನು ಆರಂಭಿಸಿದರು. 2019ರಲ್ಲಿ ಮಾರ್ಟಿನ್ ಕೀರಿ ಎಂಬವರು ಅದನ್ನು ಬಳಸುವಾಗ ಎಲ್ಲೆಲ್ಲಿ ಕೈ ತಡವರಿಸುತ್ತದೆ ಎಂದು ಒಂದೊಂದಾಗಿ ತೋರಿಸುವ ವಿಡಿಯೊ ಪ್ರಕಟಿಸಿದರು. ಅವರು ಸಂಗೀತ ರಚನಕಾರರೂ ಹೌದು, ಡಿಸೈನರ್ ಕೂಡ ಹೌದು. ಟೀಕೆ ಸಾಕಷ್ಟು ಖಾರವಾಗಿತ್ತು. ತಂತ್ರಾಂಶದ ಕಡೆಯವರು ಮುನಿಸಿಕೊಳ್ಳಲಿಲ್ಲ, ಅವರನ್ನೇ ಕರೆದು ವಿನ್ಯಾಸದ ಹೊಣೆ ಒಪ್ಪಿಸಿದರು. 2022ರ ಡಿಸೆಂಬರ್‌ನಲ್ಲಿ ಬಂದ ನಾಲ್ಕನೆಯ ಆವೃತ್ತಿ ಆ ಕೆಲಸದ ಫಲ. ಕೋಡ್ ಬರೆಯಲು ನೂರು ಜನ ಮುಂದೆ ಬರುವ ಇಂಥ ಯೋಜನೆಗಳಲ್ಲಿ ವಿನ್ಯಾಸದ ಕೆಲಸಕ್ಕೆ ಜನ ಸಿಗುವುದು ಅಪರೂಪ. ಹಾಗಾಗಿಯೇ ಈ ಕಥೆಯನ್ನು ಕನ್ನಡದಲ್ಲಿ ಹೇಳಬೇಕೆಂಬ ಆಸೆ ನನಗೆ.

‘ವಿನ್ಯಾಸಕರೊಬ್ಬರು ಬಂದು ತಂತ್ರಾಂಶದ ವಿನ್ಯಾಸವನ್ನು ಬದಲಿಸಿದರು’ ಎಂದು ಬರೆದು ಗೆಳೆಯರೊಬ್ಬರಿಗೆ ಓದಿ ಹೇಳಿದೆ. ಅವರು ಕೇಳಿದ ಮೊದಲ ಪ್ರಶ್ನೆ, ‘ಬಣ್ಣ ಬದಲಾಯಿತೇ?’ ತಪ್ಪು ಅವರದಲ್ಲ. ಪತ್ರಿಕೆಗಳಲ್ಲಿ ನಾವು ದಿನವೂ ಓದುವುದು ವಸ್ತ್ರವಿನ್ಯಾಸಕಿ, ಒಳಾಂಗಣ ವಿನ್ಯಾಸ, ಮುಖಪುಟ ವಿನ್ಯಾಸ ಎಂಬ ಮಾತುಗಳನ್ನು. ಎಲ್ಲವೂ ಕಣ್ಣಿಗೆ ಸಂಬಂಧಿಸಿದವು. ಹೀಗೆ ವಿನ್ಯಾಸ ಎಂಬ ಪದ ಮೆಲ್ಲಮೆಲ್ಲನೆ ಅಲಂಕಾರದ ಪಕ್ಕಕ್ಕೆ ಸರಿದುಬಿಟ್ಟಿದೆ.

ಕೀರಿ ಮತ್ತು ಅವರ ತಂಡದ ಕೆಲಸ ಕಣ್ಣಿಗಷ್ಟೇ ಸಂಬಂಧಿಸಿದ್ದಲ್ಲ. ಒಂದು ಉದಾಹರಣೆ ಕೊಡುತ್ತೇನೆ. ಮೂರನೆಯ ಆವೃತ್ತಿಯಲ್ಲಿ ಒಂದು ಸ್ವರವನ್ನು ಆಯ್ದು ಅದರ ಗಾತ್ರ, ಬಣ್ಣ, ಜಾಗ ಬದಲಿಸಲು ಇದ್ದ ಫಲಕದ ಹೆಸರು ‘ಇನ್‌ಸ್ಪೆಕ್ಟರ್’. ನಾಲ್ಕನೆಯದರಲ್ಲಿ ಆ ಜಾಗಕ್ಕೆ ‘ಪ್ರಾಪರ್ಟೀಸ್’ ಬಂತು. ತಂತ್ರಾಂಶ ಬರೆಯುವವರಿಗೆ ಇನ್‌ಸ್ಪೆಕ್ಟರ್ ಎಂಬುದು ಪರಿಚಿತ ಪರಿಭಾಷೆ. ಪಿಟೀಲು ನುಡಿಸುವವರಿಗೆ ಅದರಿಂದ ಏನೂ ಹೊಳೆಯುವುದಿಲ್ಲ. ನಮ್ಮ ಕಿವಿಗಂತೂ ಅದು ಪೊಲೀಸ್ ಠಾಣೆಯ ಪದ. ಒಂದು ಹೆಸರನ್ನು ಬದಲಿಸುವುದೂ ವಿನ್ಯಾಸವೇ. ಅಂದರೆ ಪದಗಳ ಬಗ್ಗೆ ತಲೆಕೆಡಿಸಿಕೊಳ್ಳುವ ನಾವೆಲ್ಲ ಆ ಕೆಲಸಕ್ಕೆ ಬಹಳ ಹತ್ತಿರದವರು. (ಕನ್ನಡದಲ್ಲಿ ಆ ಫಲಕಕ್ಕೆ ‘ಲಕ್ಷಣಗಳು’ ಎಂದರೆ ಹೇಗೆ? ‘ಗುಣಲಕ್ಷಣಗಳು’ ಎಂದರೆ ಮನುಷ್ಯರ ಸ್ವಭಾವದ ಮಾತು ಅನ್ನಿಸುತ್ತದೆ.)

ನನಗೆ ದಾರಿ ಕಂಡದ್ದು ಬೇರೊಂದು ಕಡೆ. ನನ್ನ ಮಗಳಿಗೆ ಕೀಬೋರ್ಡ್ ಕಲಿಸುವ ಮೇಷ್ಟರು ಒಂದು ಸ್ವರಲಿಪಿ ತಂತ್ರಾಂಶವನ್ನು ಮೊದಲ ಸಲ ತೆರೆದಾಗ ನಾನು ಪಕ್ಕದಲ್ಲಿ ಕುಳಿತಿದ್ದೆ. ಅವರು ಮೌಸನ್ನು ಐದು ಗೆರೆಗಳ ಮೇಲೆ ಆಡಿಸುತ್ತಾ ಎರಡು ಮೂರು ಸಲ ಕೇಳಿದರು: ‘ಈ ಗಾಂಧಾರವನ್ನು ಎಲ್ಲಿ ಇಡಲಿ?’ ಬರೆಯಲಿ ಎನ್ನಲಿಲ್ಲ, ಹಾಕಲಿ ಎನ್ನಲಿಲ್ಲ. ಇಡಲಿ ಎಂದರು.

ಮನೆಗೆ ಬಂದು ನಿಘಂಟು ತೆರೆದೆ. ನ್ಯಾಸ ಎಂದರೆ ಇಡುವುದು. ರಾಗದಲ್ಲಿ ಹಾಡು ಬಂದು ನೆಲೆ ನಿಲ್ಲುವ ಸ್ವರ ನ್ಯಾಸಸ್ವರ. ಪೂಜೆಯಲ್ಲಿ ಅಂಗನ್ಯಾಸ, ಕರನ್ಯಾಸ. ಒಬ್ಬರ ಬಳಿ ನಂಬಿ ಇಟ್ಟದ್ದೂ ನ್ಯಾಸವೇ. ಹೀಗೆ ನೋಡಿದರೆ ವಿನ್ಯಾಸ ಎಂದರೆ ಯಾವುದು ಎಲ್ಲಿರಬೇಕೋ ಅಲ್ಲಿ ವಿಚಾರ ಮಾಡಿ ಇಡುವುದು. ಸ್ವರವಿನ್ಯಾಸ, ಪದವಿನ್ಯಾಸ ಎನ್ನುವಾಗ ನಾವು ಇಂದಿಗೂ ಆ ಅರ್ಥದಲ್ಲೇ ಬಳಸುತ್ತೇವೆ. ಅಲ್ಲಿ ಯಾರೂ ಬಣ್ಣದ ಪ್ರಶ್ನೆ ಎತ್ತುವುದಿಲ್ಲ. ಡಿಸೈನರ್ ಮಾಡುವ ಕೆಲಸಕ್ಕೆ ಇದಕ್ಕಿಂತ ಒಪ್ಪುವ ಪದ ಹೊಸದಾಗಿ ಹುಟ್ಟಿಸಿದರೂ ಸಿಗಲಾರದು ಎಂದು ನನಗೆ ಅನ್ನಿಸಿತು.

ಬೇರೆ ಪದಗಳನ್ನೂ ಯೋಚಿಸಿದೆ. ‘ರಚನಕಾರ’ ಎಂದರೆ ಈ ಲೇಖನದಲ್ಲಿ ಸಂಗೀತ ರಚಿಸುವವರೊಂದಿಗೆ ಗೊಂದಲವಾಗುತ್ತದೆ. ‘ಶಿಲ್ಪಿ’ ಗಂಭೀರ ಪದ, ಆದರೆ ಆರ್ಕಿಟೆಕ್ಟ್ ಎಂಬ ಬೇರೆ ಹುದ್ದೆಯನ್ನು ಸೂಚಿಸುತ್ತದೆ. ಓರಣ ನನಗೆ ಬಹಳ ಇಷ್ಟವಾದ ಕನ್ನಡ ಪದ. ‘ಓರಣಗಾರ’ ಎಂದು ಬರೆದೂ ನೋಡಿದೆ. ಆದರೆ ಓರಣ ಎಂದರೆ ಚೆದುರಿದ್ದನ್ನು ಅಂದವಾಗಿ ಜೋಡಿಸುವುದಷ್ಟೇ. ಏನಿರಬೇಕು, ಏನಿರಬಾರದು ಎಂದು ತೀರ್ಮಾನಿಸುವ ಅಧಿಕಾರ ಆ ಪದದಲ್ಲಿಲ್ಲ. ಡಿಸೈನರ್‌ಗೆ ಆ ಅಧಿಕಾರ ಸಿಕ್ಕದ ಯೋಜನೆಗಳಲ್ಲೇ ಕೆಲಸ ಬರಿ ಬಣ್ಣಕ್ಕೆ ಇಳಿದುಬಿಡುತ್ತದೆ.

ಇಂಟರ್‌ಫೇಸ್‌ಗೆ ಅನುವಾದಗಳಲ್ಲಿ ನಾನು ಕಂಡದ್ದು ‘ಸಂಪರ್ಕಸಾಧನ’. ಅದನ್ನು ಓದಿದರೆ ದೂರವಾಣಿ ನೆನಪಾಗುತ್ತದೆ. ತಮಿಳರು ‘ಇಡೈಮುಗಂ’ ಎನ್ನುತ್ತಾರೆ, ನಡುವಿನ ಮುಖ ಎಂಬ ಅರ್ಥದಲ್ಲಿ. ಮಲಯಾಳದಲ್ಲಿ ‘ಸಂಪರ್ಕಮುಖಂ’ ಇದೆ. ಆ ಜಾಡಿನಲ್ಲಿ ‘ಅಂತರ್ಮುಖ’ ಎಂದರೆ ನಮ್ಮಲ್ಲಿ ಯಾರೊಂದಿಗೂ ಬೆರೆಯದವರು ಎಂದಾಗುತ್ತದೆ, ಬೇಕಾದ ಅರ್ಥಕ್ಕೆ ತೀರಾ ವಿರುದ್ಧ. ಸದ್ಯಕ್ಕೆ ‘ಬಳಕೆಮುಖ’ ಎಂದು ಇಟ್ಟುಕೊಂಡಿದ್ದೇನೆ. ಬಳಸುವವರ ಕಡೆಗೆ ತಿರುಗಿದ ಮುಖ ಎಂಬ ಅರ್ಥ ತಾನಾಗಿ ಹೊಳೆಯುತ್ತದೆ ಎಂಬ ನಂಬಿಕೆ ನನ್ನದು.

ರಿಡಿಸೈನ್ ಬಗ್ಗೆ ಒಂದು ಚಿಕ್ಕ ಸಂದೇಹ. ಮರುಮುದ್ರಣದಲ್ಲಿ ‘ಮರು’ ಎಂದರೆ ಇದ್ದದ್ದೇ ಇನ್ನೊಮ್ಮೆ. ಪುನಾರಚನೆಯಲ್ಲಿ ‘ಪುನಃ’ ಎಂದರೆ ಬಿಚ್ಚಿ ಬೇರೆ ರೀತಿ ಕಟ್ಟುವುದು. ಹಾಗಾದರೆ ‘ಮರುವಿನ್ಯಾಸ’ ಸಾಕೇ, ‘ಪುನರ್ವಿನ್ಯಾಸ’ ಬೇಕೇ? ಕಿವಿಗೆ ಮೊದಲನೆಯದು ಹಗುರ. ಅರ್ಥಕ್ಕೆ ಎರಡನೆಯದು ಹತ್ತಿರ.

ಇನ್ನೊಂದು ಪದವೂ ಇದೆ. ಯೋಜನೆಯಲ್ಲಿ ಡಿಸೈನರ್‌ಗಳನ್ನು ‘ಇನ್‌ವಾಲ್ವ್’ ಮಾಡುವುದು ಎಂಬುದಕ್ಕೆ ‘ತೊಡಗಿಸಿಕೊಳ್ಳು’ ಎಂದು ಬರೆದು ಹೊಡೆದುಹಾಕಿದೆ, ಯಾರು ಯಾರನ್ನು ತೊಡಗಿಸಿದರು ಎಂಬುದು ಅದರಲ್ಲಿ ಮಸುಕಾಗುತ್ತದೆ. ‘ಮೊದಲ ದಿನದಿಂದಲೇ ಜೊತೆಗೆ ಕೂರಿಸಿಕೊಳ್ಳುವುದು’ ಎಂದು ಬರೆದಿದ್ದೇನೆ.

ಈಗ ನಿಮ್ಮನ್ನು ಕೇಳುವುದು ಇಷ್ಟು. ‘ವಿನ್ಯಾಸಕ’ ಪದವನ್ನೇ ಉಳಿಸಿಕೊಂಡು, ಲೇಖನದ ಮೊದಲಲ್ಲೇ ಮೇಷ್ಟರ ಗಾಂಧಾರದ ಪ್ರಸಂಗವನ್ನು ಹೇಳಿ ಅದರ ಹಳೆಯ ಅರ್ಥವನ್ನು ಎಬ್ಬಿಸಿದರೆ ಸಾಲುತ್ತದೆಯೇ? ನಿಮ್ಮ ಊರಿನ ಆಡುಮಾತಿನಲ್ಲಿ, ಮನೆ ಕಟ್ಟುವವರೋ ಮಗ್ಗ ಹೂಡುವವರೋ ರಂಗಸಜ್ಜಿಕೆಯವರೋ ಇದೇ ಕೆಲಸಕ್ಕೆ ಬೇರೆ ಪದ ಬಳಸುವುದನ್ನು ಕೇಳಿದ್ದರೆ, ಯಾವ ಸಂದರ್ಭದಲ್ಲಿ ಹೇಗೆ ಹೇಳುತ್ತಾರೆ ಎಂಬುದನ್ನೂ ಸೇರಿಸಿ ದಯವಿಟ್ಟು ತಿಳಿಸಿ.