ಅಪ್ಪ ಕಟ್ಟಿಸಿದ ಮನೆ ನಾವೇ ಮಾರೋದಾ ಬ್ರೋಕರ್‌ಗೆ ಕೊಡೋದಾ? ಗೊತ್ತಿರೋರು ಹೇಳಿ

ಹನುಮಂತನಗರದ ಹುಡುಗ
ಎಲ್ರಿಗೂ ನಮಸ್ಕಾರ. ಹನುಮಂತನಗರದಲ್ಲಿ ನಮ್ಮಪ್ಪ ಕಟ್ಟಿಸಿದ 20×30 ಮನೆ ಇದೆ, ಕೆಳಗೊಂದು ಮೇಲೊಂದು. ಅಪ್ಪ ಹೋದ್ಮೇಲೆ ಅಮ್ಮ ನಮ್ ಜೊತೇನೇ ಜೆಪಿ ನಗರದಲ್ಲಿದಾರೆ, ಅಕ್ಕ ಮೈಸೂರಲ್ಲಿ, ಮೂರೂ ಜನ ಮಾರೋಣ ಅಂತ ಒಪ್ಪಿದೀವಿ. 1 ಕೋಟಿ 60 ಲಕ್ಷ ಕೇಳೋಣ ಅಂತಿದೀವಿ. ಏರಿಯಾ ಬ್ರೋಕರ್ ಒಬ್ರು 2 ಪರ್ಸೆಂಟ್ ಅಂತಾರೆ, ಅಂದ್ರೆ 3 ಲಕ್ಷ 20 ಸಾವಿರ, ತಗೊಳೋರ ಹತ್ರಾನೂ ಬೇರೆ ತಗೋತಾರಂತೆ. ಅಷ್ಟು ದುಡ್ಡು ಅಮ್ಮನ ಹೆಸರಲ್ಲಿ ಎಫ್‌ಡಿ ಇಟ್ರೆ ಅವ್ರ ಮಾತ್ರೆ ಖರ್ಚಿಗಾದ್ರೂ ಆಗುತ್ತೆ ಅನ್ಸುತ್ತೆ. ಆದ್ರೆ ನಾವೇ ಮಾರಕ್ಕೆ ಹೋಗಿ ಏನಾದ್ರೂ ಎಡವಟ್ಟಾದ್ರೆ ಅಂತ ಅಕ್ಕನಿಗೆ ಭಯ. ಕೆಳಗಡೆ ಮನೆ ಲೀಸ್‌ಗೆ (ತಿಂಗಳ ಬಾಡಿಗೆ ಬದಲು ಒಂದೇ ಸಲ ದುಡ್ಡು ತಗೊಂಡು, ಖಾಲಿ ಮಾಡುವಾಗ ವಾಪಸ್ ಕೊಡೋದು) ಕೊಟ್ಟಿದೀವಿ, ಖಾತಾ ಇನ್ನೂ ಅಪ್ಪನ ಹೆಸರಲ್ಲೇ ಇದೆ. ಏನ್ ಮಾಡ್ಬೇಕು ಹೇಳಿ.

ನಾಗರಬಾವಿ ಸರ್ಕಲ್
ಸರ್ ನಾವು ಬ್ರೋಕರ್ ಇಲ್ದೇನೇ ಮಾರಿದ್ವಿ, ಖಂಡಿತ ಆಗುತ್ತೆ. ಮೊದಲು ಅಕ್ಕಪಕ್ಕದ ಮನೆಯವ್ರನ್ನ ಕೇಳಿ, ಇದನ್ನ ಜಾಸ್ತಿ ಜನ ಮಾಡಲ್ಲ. ಪಕ್ಕದವ್ರದ್ದೂ 20×30 ಆಗಿದ್ರೆ ಎರಡೂ ಸೇರಿದ್ರೆ ಅವ್ರಿಗೆ ಒಳ್ಳೆ ಸೈಟ್ ಆಗುತ್ತೆ, ಕಾರ್ ನಿಲ್ಸೋಕೆ ಜಾಗ ಸಿಗುತ್ತೆ, ಹಂಗಾಗಿ ಹೊರಗಿನೋರಿಗಿಂತ ಜಾಸ್ತಿ ಕೊಡೋಕೂ ರೆಡಿ ಇರ್ತಾರೆ. ಅಲ್ಲಿ ಆಗ್ಲಿಲ್ಲ ಅಂದ್ರೆ ಗೇಟಿಗೆ ಬೋರ್ಡ್ ಹಾಕಿ, ನೋಬ್ರೋಕರ್, 99ಏಕರ್ಸ್ ಥರದ ವೆಬ್‌ಸೈಟ್ ಎಲ್ಲ ಕಡೆ ಫೋಟೋ ಹಾಕಿ. ಬೇರೆ ಸಿಮ್ ಒಂದು ತಗೊಳ್ಳಿ, ಯಾಕಂದ್ರೆ ಬರೋ ಫೋನಲ್ಲಿ ಎಷ್ಟೋ ಬ್ರೋಕರ್‌ಗಳದ್ದೇ, ನಮ್ ಹತ್ರ ಪಾರ್ಟಿ ರೆಡಿ ಇದೆ ಅಂತ ಶುರು ಮಾಡ್ತಾರೆ. ತಗೊಳೋರಿಗೂ ನೇರ ಓನರ್ ಅಂದ್ರೆ ಇಷ್ಟ. ಅವ್ರು ಸ್ಟಾಂಪ್ ಡ್ಯೂಟಿ ಸೆಸ್ ಎಲ್ಲ ಸೇರಿ 5.6 ಪರ್ಸೆಂಟ್ ಕಟ್ಬೇಕು, ರಿಜಿಸ್ಟ್ರೇಷನ್ ಫೀ 2025ರ ಆಗಸ್ಟ್ ಕೊನೆಯಿಂದ 1 ಪರ್ಸೆಂಟ್ ಇದ್ದಿದ್ದು 2 ಪರ್ಸೆಂಟ್ ಆಗಿದೆ, ಅದರ ಮೇಲೆ ಕಮಿಷನ್ ಅಂದ್ರೆ ಅವ್ರಿಗೂ ಭಾರ.

ದಾಖಲೆ ಮೊದಲು
ನಾನು ವಕೀಲರ ಆಫೀಸಲ್ಲಿ ಪ್ರಾಪರ್ಟಿ ಪೇಪರ್ ನೋಡೋ ಕೆಲಸ ಮಾಡ್ತೀನಿ. ಬ್ರೋಕರ್ ಬೇಕಾ ಬೇಡ್ವಾ ಆಮೇಲೆ ನೋಡೋಣ, ನಿಮ್ದು ಈಗ ಮಾರೋ ಸ್ಥಿತೀಲೇ ಇಲ್ಲ. ಅಪ್ಪ ವಿಲ್ ಬರೆದಿಲ್ಲ ಅಂದ್ರೆ ಅಮ್ಮ, ಅಕ್ಕ, ನೀವು ಮೂರೂ ಜನ ವಾರಸುದಾರರು, ಅಕ್ಕನಿಗೆ ಮದುವೆ ಆಗಿದ್ರೂ ಅಷ್ಟೇ, ಅವ್ರ ಸಹಿ ಇಲ್ದೆ ಯಾವ ಬ್ಯಾಂಕೂ ತಗೊಳೋರಿಗೆ ಲೋನ್ ಕೊಡಲ್ಲ. ಡೆತ್ ಸರ್ಟಿಫಿಕೇಟು ವಂಶವೃಕ್ಷ ಇಟ್ಕೊಂಡು ಮೊದಲು ಖಾತಾ ನಿಮ್ಮೂವರ ಹೆಸರಿಗೆ ಮಾಡಿಸ್ಕೊಳ್ಳಿ, ಅದೂ ಇ-ಖಾತಾ, ಅಂದ್ರೆ ಆನ್‌ಲೈನ್ ಖಾತಾ. ಬಿಬಿಎಂಪಿ ಹೋಗಿ ಜಿಬಿಎ (ಗ್ರೇಟರ್ ಬೆಂಗಳೂರು ಪ್ರಾಧಿಕಾರ) ಬಂದಿದೆ, ಆದ್ರೂ ಇ-ಖಾತಾ ಇಲ್ದೆ ರಿಜಿಸ್ಟ್ರೇಷನ್ ಆಗಲ್ಲ. ರಿಜಿಸ್ಟ್ರೇಷನ್ ಇಲಾಖೆಯ ಕಾವೇರಿ ಆನ್‌ಲೈನ್‌ನಲ್ಲಿ 2004ರಿಂದ ಈಚೆಗಿನ ಇಸಿ (ಆಸ್ತಿ ಮೇಲೆ ಆಗಿರೋ ಮಾರಾಟ, ಸಾಲದ ವಿವರ ಇರೋ ಋಣಭಾರ ಪತ್ರ) ಸಿಗುತ್ತೆ, ಅದಕ್ಕಿಂತ ಹಳೇದಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಕೇಳಿ. ಒರಿಜಿನಲ್ ಪೇಪರ್ ತೋರಿಸಿ, ಆದ್ರೆ ಯಾರ ಕೈಗೂ ಕೊಡ್ಬೇಡಿ, ಜೆರಾಕ್ಸ್ ಕೊಟ್ರೂ ಯಾರಿಗೆ ಯಾವ ದಿನ ಕೊಟ್ರಿ ಅಂತ ಅದರ ಮೇಲೇ ಬರೀರಿ. ಜಿಪಿಎ (ನಿಮ್ ಪರವಾಗಿ ಸಹಿ ಮಾಡೋ ಅಧಿಕಾರ ಪತ್ರ) ಮಾಡ್ಕೊಡಿ ನಾವೇ ಎಲ್ಲ ನೋಡ್ಕೋತೀವಿ ಅಂತ ಬ್ರೋಕರ್ ಯಾರಾದ್ರೂ ಕೇಳಿದ್ರೆ ಅಲ್ಲಿಗೇ ಮಾತು ನಿಲ್ಸಿ.

ಇನ್ನೊಂದು, ಅಡ್ವಾನ್ಸ್ ಚೆಕ್ ಅಥವಾ ಆರ್‌ಟಿಜಿಎಸ್‌ನಲ್ಲೇ ತಗೊಳ್ಳಿ. 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ಕ್ಯಾಶ್ ತಗೊಂಡ್ರೆ ಅಷ್ಟೇ ಮೊತ್ತ ದಂಡ ಬೀಳಬಹುದು. ರೇಟ್ 50 ಲಕ್ಷ ದಾಟಿರೋದ್ರಿಂದ ತಗೊಳೋರು ನಿಮಗೆ ಕೊಡೋ ದುಡ್ಡಲ್ಲೇ 1 ಪರ್ಸೆಂಟ್ ಟಿಡಿಎಸ್ (ನಿಮ್ ಹೆಸರಲ್ಲಿ ಕಟ್ಟೋ ಇನ್‌ಕಮ್ ಟ್ಯಾಕ್ಸ್) ಹಿಡೀತಾರೆ, ಮೂರೂ ಜನರ ಪ್ಯಾನ್‌ಗೆ ಬೇರೆ ಬೇರೆ ಕಟ್ಟಿದಾರಾ ನೋಡ್ಕೊಳ್ಳಿ.

ಬನಶಂಕರಿ ಬ್ರೋಕರ್
ನಾನು ಇದೇ ಕೆಲಸ ಮಾಡೋನು, ಬೇಜಾರಿಲ್ಲದೆ ಹೇಳ್ತೀನಿ. ಹಳೇ ಏರಿಯಾದಲ್ಲಿ ಪೇಪರ್ ಕ್ಲೀನ್ ಇರೋ ಸಣ್ಣ ಮನೆ ಓನರ್‌ಗಳೇ ಮಾರಬಹುದು. ನಮ್ ಕೆಲಸ ಇರೋದು ನಿಜವಾಗ್ಲೂ ತಗೊಳೋರು ಯಾರು, ಸುಮ್ನೆ ನೋಡ್ಕೊಂಡು ಹೋಗೋರು ಯಾರು ಅಂತ ಸೋಸೋದ್ರಲ್ಲಿ, ಆಮೇಲೆ ರೇಟ್ ಕೂರ್ಸೋದ್ರಲ್ಲಿ. ಕೊಡೋದಾದ್ರೆ ಒಬ್ರಿಗೋ ಇಬ್ರಿಗೋ ಕೊಡಿ, ಹತ್ತು ಜನಕ್ಕೆ ಕೊಟ್ರೆ ಒಬ್ಬೊಬ್ರೂ ಒಂದೊಂದು ರೇಟ್ ಹೇಳಿ ಮನೇಲೇ ಏನೋ ತೊಂದ್ರೆ ಇದೆ ಅನ್ನೋ ಹಂಗಾಗುತ್ತೆ. 2 ಪರ್ಸೆಂಟ್‌ಗೆ ಒಪ್ಬೇಡಿ, 1ಕ್ಕೆ ಮಾಡೋರು ಬೇಕಾದಷ್ಟು ಜನ ಇದಾರೆ, ಅದನ್ನ ಬರ್ಕೊಂಡು ಅರ್ಧ ಅಗ್ರಿಮೆಂಟ್ ದಿನ ಅರ್ಧ ರಿಜಿಸ್ಟ್ರೇಷನ್ ದಿನ ಕೊಡಿ. ಮುಖ್ಯವಾಗಿ ರೇಟ್ ಮುಗಿಸೋವಾಗ ತಗೊಳೋರು ನಿಮ್ ಎದುರಿಗೇ ಕೂತಿರ್ಲಿ. ನಿಮಗೊಂದು ರೇಟ್ ಅವ್ರಿಗೊಂದು ರೇಟ್ ಹೇಳಿ ಮಧ್ಯದ ದುಡ್ಡು ಇಟ್ಕೊಳೋರು ನಮ್ ಲೈನಲ್ಲಿ ಇದಾರೆ, ಅಂಥವ್ರಿಂದ ನಮಗೆಲ್ಲ ಕೆಟ್ಟ ಹೆಸರು.

ಬಸವನಗುಡಿ ಅಮ್ಮ
ನನ್ ಅಭಿಪ್ರಾಯ ಬೇರೆ. ನಮ್ ತಾಯಿ ಮನೆ ಮಾರೋವಾಗ ಬಂದೋರೆಲ್ಲ ಅವ್ರ ಮುಂದೇನೇ ಗೋಡೆ ತಟ್ಟಿ, ಇದನ್ನೆಲ್ಲ ಒಡೆದು ಹಾಕ್ಬೇಕು, ಸೈಟ್ ರೇಟ್ ಅಷ್ಟೇ ಕೊಡೋದು ಅನ್ನೋರು. ಹಳೇ ಮನೆಗೆ ಹಂಗೇ ಕೇಳೋದು, ಆದ್ರೆ ಅಲ್ಲೇ ಬಾಳಿದ ಅಮ್ಮ ಅದನ್ನ ಕೇಳಿಸ್ಕೊಂಡು ಊಟ ಬಿಟ್ರು. ನಡುವೆ ಒಬ್ರು ಇದ್ರೆ ಆ ಮಾತು ಅವ್ರ ಕಿವೀಲೇ ನಿಲ್ಲುತ್ತೆ, 1 ಪರ್ಸೆಂಟ್ ಅದಕ್ಕೆ ಕೊಟ್ರೂ ಪರ್ವಾಗಿಲ್ಲ. ನೀವೇ ಮಾರಿದ್ರೂ ಮನೆ ತೋರಿಸೋ ದಿನ ಅಮ್ಮನ್ನ ಕರ್ಕೊಂಡು ಹೋಗ್ಬೇಡಿ ಮಗ.

ಹನುಮಂತನಗರದ ಹುಡುಗ
ತುಂಬಾ ಥ್ಯಾಂಕ್ಸ್ ಎಲ್ರಿಗೂ, ಅಮ್ಮನ ವಿಷಯ ನಾನು ಯೋಚ್ನೇನೇ ಮಾಡಿರ್ಲಿಲ್ಲ ಮೇಡಂ. ಮೊದಲು ಖಾತಾ, ಆಮೇಲೆ ಪಕ್ಕದ ಮನೆ ಅಂಕಲ್‌ನ ಕೇಳ್ತೀನಿ, ಆಗ್ಲಿಲ್ಲ ಅಂದ್ರೆ 1 ಪರ್ಸೆಂಟ್‌ಗೆ ಒಬ್ರಿಗೆ ಕೊಡೋಣ. ಲೀಸ್‌ನವ್ರದ್ದು ಏನ್ ಮಾಡೋದು, 12 ಲಕ್ಷ ವಾಪಸ್ ಕೊಡ್ಬೇಕು, ಈಗ ಕೈಯಲ್ಲಿಲ್ಲ.

ದಾಖಲೆ ಮೊದಲು
ತಗೊಳೋರಿಗೆ ಮೊದಲನೇ ದಿನವೇ ಹೇಳಿ, ಮುಚ್ಚಿಡ್ಬೇಡಿ. ಅವ್ರು ಕೊಡೋ ಅಡ್ವಾನ್ಸ್‌ನಿಂದಲೇ ಲೀಸ್ ದುಡ್ಡು ತೀರಿಸಿ ಮನೆ ಖಾಲಿ ಮಾಡಿಸ್ತೀವಿ ಅಂತ ಅಗ್ರಿಮೆಂಟಲ್ಲೇ ತಾರೀಖು ಸಮೇತ ಬರೆಸಿ. ಲೀಸ್‌ನವ್ರಿಗೂ ಈಗ್ಲೇ ತಿಳಿಸಿ, ಅವ್ರೂ ಬೇರೆ ಮನೆ ಹುಡುಕ್ಬೇಕಲ್ಲ. ಆಷಾಢದಲ್ಲಿ ಹೆಂಗೂ ಮನೆ ನೋಡಕ್ಕೆ ಜಾಸ್ತಿ ಜನ ಬರಲ್ಲ, ಅಷ್ಟರಲ್ಲಿ ಖಾತಾ ಕೆಲಸ ಮುಗಿಸ್ಕೊಂಡ್ರೆ ಶ್ರಾವಣಕ್ಕೆ ಬೋರ್ಡ್ ಹಾಕಬಹುದು.